ಬಾಲಸಾಕ್ಷ್ಯವೂ ಕಾವಿಬಟ್ಟೆಯೂ

ಚೌಳಹಿರಿಯೂರು ಮೊದಲಾದ ಕಡೂರು ಸೀಮೆಯ ಗ್ರಾಮಗಳಲ್ಲಿ ಹುಡುಗನೊಬ್ಬನು ಹೇಳಿದ ಮಾತು ಕೇಳದವನಾದರೆ, ಶಾಲೆ ತಪ್ಪಿಸಿ ತೋಟದ ಸಾಲಿನಲ್ಲಿ ಅಲೆಯುವವನಾದರೆ, ಮನೆಯ ಹಿರಿಯರ ಬಾಯಿಂದ ಹೊರಡುವ ಮೊದಲನೆಯ ಮಾತು, "ಇವನನ್ನು ಯಾವುದಾದರೊಂದು ಮಠಕ್ಕೆ ಬಿಟ್ಟುಬನ್ನಿ, ಬುದ್ಧಿ ಬಂದೀತು" ಎಂಬುದು. ಈ ಮಾತಿನಲ್ಲಿ ನಂಬುಗೆಯೂ ಇದೆ, ಕೃತಜ್ಞತೆಯೂ ಇದೆ. ಸಿದ್ಧಗಂಗೆ, ಸಿರಿಗೆರೆ, ಚಿತ್ರದುರ್ಗಗಳ ಮಠಗಳು ಅನ್ನವಿಟ್ಟು ಅಕ್ಷರ ಕಲಿಸದೆ ಇದ್ದಿದ್ದರೆ ಈ ನಾಡಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಹೆಬ್ಬೆಟ್ಟೇ ಸಹಿಯಾಗಿರುತ್ತಿತ್ತು. ಇದನ್ನು ಮರೆತು ಮಠಗಳ ವಿಷಯವಾಗಿ ಬರೆಯಹೊರಡುವವನು ಕೃತಘ್ನನೇ ಸರಿ.

ಆದರೆ ಮಗುವನ್ನು ಒಪ್ಪಿಸುವ ಆ ಗಳಿಗೆಯಲ್ಲಿಯೇ ಇನ್ನೊಂದು ವಸ್ತುವನ್ನೂ ಒಪ್ಪಿಸಿಬಿಡುತ್ತಾರೆ. ಅದನ್ನು ಯಾರೂ ಗಮನಿಸುವುದಿಲ್ಲ. "ಸ್ವಾಮೀ, ಇವನು ಬಲು ಹಠಮಾರಿ, ಹತ್ತು ಮಾತಿನಲ್ಲಿ ಎಂಟು ಸುಳ್ಳು, ಏನು ಹೇಳಿದರೂ ನಂಬಬೇಡಿ, ನಾಲ್ಕು ಬಿಗಿದಾದರೂ ದಾರಿಗೆ ತನ್ನಿ" ಎಂದು ತಂದೆಯೇ ಕೈಮುಗಿದು ಹೇಳಿ ಬಸ್ಸು ಹತ್ತುತ್ತಾನೆ. ಅಲ್ಲಿಗೆ ಆ ಮಗುವಿನ ಸಾಕ್ಷ್ಯವು ತಂದೆಯ ಬಾಯಿಂದಲೇ ರದ್ದಾಯಿತು. ಮುಂದೆ ಅದಕ್ಕೆ ಏನಾದರೂ ಆಗಿ, ಅದು ಬಾಯಿ ತೆರೆದ ದಿನ, ಕೇಳುವವರ ಬಳಿ ಉತ್ತರವು ಸಿದ್ಧವಾಗಿಯೇ ಇರುತ್ತದೆ.

ಧರ್ಮದ ಹೆಸರಿನಲ್ಲಿ ನಡೆಯುವ ಮಕ್ಕಳ ನಿಲಯಗಳ ಮೇಲೆ ದೂರುಗಳು ಬಂದಾಗ ವಿದ್ಯಾವಂತ ಗೃಹಸ್ಥರು ಅವನ್ನು ತೂಗುವ ಕ್ರಮವು ಎಷ್ಟು ದೋಷಯುಕ್ತವಾದುದೆಂಬುದು 2022ನೆಯ ವರ್ಷದಲ್ಲಿ ಚಿತ್ರದುರ್ಗದ ಮುರುಘಾ ಮಠದ ಪ್ರಕರಣ ಹೊರಬಿದ್ದಾಗ ಬಯಲಾಯಿತು. ಆ ವರ್ಷದ ಆಗಸ್ಟ್ 26ರಂದು, ಮಠದ ವಿದ್ಯಾರ್ಥಿನಿಲಯದಲ್ಲಿದ್ದ ಇಬ್ಬರು ಅಪ್ರಾಪ್ತ ವಯಸ್ಸಿನ ಬಾಲಕಿಯರ ದೂರು, 'ಒಡನಾಡಿ' ಸಂಸ್ಥೆಯ ನೆರವಿನಿಂದ ಮೈಸೂರಿನ ನಜರಬಾದ್ ಪೊಲೀಸ್ ಠಾಣೆಯಲ್ಲಿ ದಾಖಲಾಯಿತು. ಸೆಪ್ಟೆಂಬರ್ 1ರ ರಾತ್ರಿ ಮಠಾಧೀಶರಾಗಿದ್ದ ಶಿವಮೂರ್ತಿ ಮುರುಘಾ ಶರಣರ ಬಂಧನವಾಯಿತು. ಅವರು ಆರೋಪವನ್ನು ಅಲ್ಲಗಳೆದು, ಇದು ಪಿತೂರಿ ಎಂದರು. ಅಕ್ಟೋಬರಿನಲ್ಲಿ ಮತ್ತೊಂದು ದೂರು ಬಂದಿತು. ಬಂಧನಕ್ಕೂ ಮುನ್ನ, ದೋಷಾರೋಪಣ ಪಟ್ಟಿಯ ಒಂದು ಪುಟವೂ ಹುಟ್ಟುವ ಮುನ್ನ, ಪಡಸಾಲೆಗಳಲ್ಲಿ ತೀರ್ಪು ಮುಗಿದಿತ್ತು. ಒಂದು ಪಕ್ಷದವರು "ಲಕ್ಷ ಜನಕ್ಕೆ ಅನ್ನವಿಟ್ಟ ಪೀಠ, ಅಂಥದು ನಡೆಯಲಾರದು" ಎಂದರು. ಇನ್ನೊಂದು ಪಕ್ಷದವರು "ಕಾವಿಯವರೆಲ್ಲರೂ ಅಷ್ಟೇ" ಎಂದರು. ಇಬ್ಬರೂ ಮಕ್ಕಳು ಏನು ಹೇಳಿದರೆಂಬುದನ್ನು ವಿಚಾರಿಸುವ ಗೋಜಿಗೆ ಹೋಗಲಿಲ್ಲ.

ತರ್ಕಸಂಗ್ರಹವನ್ನು ಓದುವ ಹುಡುಗನೂ ಈ ಎರಡು ಅನುಮಾನಗಳಲ್ಲಿನ ಹೇತ್ವಾಭಾಸವನ್ನು ಬೆರಳಿಟ್ಟು ತೋರಿಸಬಲ್ಲನು. ಅನ್ನದಾನವು ಇದ್ದಲ್ಲೆಲ್ಲ ದೋಷದ ಅಭಾವವೂ ಇರುತ್ತದೆಂಬ ವ್ಯಾಪ್ತಿಯನ್ನು ಯಾರು ಎಲ್ಲಿ ಕಂಡರು? ದಾನಶೀಲನಾದವನು ಜಿತೇಂದ್ರಿಯನೂ ಆಗಿರಬಹುದು, ಆಗದೆಯೂ ಇರಬಹುದು. ಹೇತುವು ಸವ್ಯಭಿಚಾರವಾಯಿತು. ಕಾವಿಯಿಂದ ದೋಷವನ್ನು ಅನುಮಾನಿಸುವವರದೂ ಅದೇ ಗತಿ. ಮೂರನೆಯವರೂ ಇದ್ದಾರೆ; "ಇದರ ಹಿಂದೆ ಮಠದ ವೈರಿಗಳಿದ್ದಾರೆ, ಆದುದರಿಂದ ಇದು ಸುಳ್ಳು" ಎನ್ನುವವರು. ತಮ್ಮನ್ನು ಬಹು ಚತುರರೆಂದು ಭಾವಿಸಿಕೊಂಡಿರುವವರು ಇವರೇ. ವೈರಿಯು ಸುಳ್ಳನ್ನು ಹರಡುವುದುಂಟು. ಸತ್ಯವು ಕೈಗೆ ಸಿಕ್ಕಿದರೆ ಅದನ್ನು ಇನ್ನೂ ಹೆಚ್ಚಿನ ಉತ್ಸಾಹದಿಂದ ಹರಡುವುದೂ ಉಂಟು. ವೈರಿಯ ಇರವಿನಿಂದ ಮಾತನ್ನು ಎರಡು ಸಲ ಪರೀಕ್ಷಿಸಬೇಕೆಂದು ಏರ್ಪಡುತ್ತದೆಯೇ ಹೊರತು, ಪರೀಕ್ಷಿಸಬೇಕಾಗಿಯೇ ಇಲ್ಲವೆಂದು ಏರ್ಪಡುವುದಿಲ್ಲ.

ಹಾಗಾದರೆ ಶಾಸ್ತ್ರವು ಯಾರ ಮಾತನ್ನು ಪ್ರಮಾಣವೆನ್ನುತ್ತದೆ? ಆಪ್ತವಾಕ್ಯವನ್ನು. ಆಪ್ತನೆಂದರೆ ಪೂಜ್ಯನೆಂದೂ ಪೀಠಸ್ಥನೆಂದೂ ಲೋಕರೂಢಿಯಲ್ಲಿ ಅರ್ಥಮಾಡಿಕೊಂಡುಬಿಟ್ಟಿದ್ದಾರೆ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಹೇಳುವುದು ಅದಲ್ಲ. ವಿಷಯವನ್ನು ಸಾಕ್ಷಾತ್ತಾಗಿ ಅರಿತಿದ್ದು, ಅರಿತುದನ್ನು ಇದ್ದಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸ್ಪಷ್ಟವಾಗಿ ವಿವರಿಸಿದ್ದಾನೆ. ಮ್ಲೇಚ್ಛನಿಗೆ ಸಲ್ಲುವ ಲಕ್ಷಣವು ಹದಿಮೂರು ವರ್ಷದ ಬಾಲಕಿಗೆ ಸಲ್ಲದೆ? ತನ್ನ ಮೈಮೇಲೆ ನಡೆದುದನ್ನು ಅವಳಿಗಿಂತ ಸಾಕ್ಷಾತ್ತಾಗಿ ಅರಿತವರು ಇನ್ನಾರಿದ್ದಾರೆ? ಉಳಿಯುವ ಪ್ರಶ್ನೆ ಒಂದೇ: ಇದ್ದಂತೆ ಹೇಳುತ್ತಿರುವಳೇ ಎಂಬುದು. ಅದನ್ನು ಅವಳ ಮಾತಿನಿಂದಲೇ ಶೋಧಿಸಬೇಕಲ್ಲದೆ ಎದುರು ಪಕ್ಷದವರ ಬಿರುದಾವಳಿಯಿಂದಲ್ಲ.

ಧರ್ಮಶಾಸ್ತ್ರದ ಮಾತೆತ್ತುವವರು ಮನುಸ್ಮೃತಿಯ ಎಂಟನೆಯ ಅಧ್ಯಾಯವನ್ನು ಪೂರ್ತಿಯಾಗಿ ಓದುವುದು ಒಳ್ಳೆಯದು. ಬಾಲರನ್ನು ಸಾಕ್ಷಿಗಳನ್ನಾಗಿ ಮಾಡಬಾರದೆಂಬ ಶ್ಲೋಕವಷ್ಟನ್ನೇ ಕಂಠಪಾಠ ಮಾಡಿದವರು ಊರಿಗೊಬ್ಬರಂತೆ ಸಿಕ್ಕುತ್ತಾರೆ. ಅದಾದ ಕೆಲವೇ ಶ್ಲೋಕಗಳ ಮುಂದೆ, ಬೇರೆ ಸಾಕ್ಷಿಗಳಿಲ್ಲದಲ್ಲಿ ಸ್ತ್ರೀಯೂ ಬಾಲನೂ ವೃದ್ಧನೂ ಸೇವಕನೂ ಸಾಕ್ಷಿ ನುಡಿಯಬಹುದೆಂದು ಅದೇ ಗ್ರಂಥ ಹೇಳುತ್ತದೆ. ಸಾಹಸ, ಕಳವು, ಸಂಗ್ರಹಣ, ಪಾರುಷ್ಯಗಳಲ್ಲಿ ಸಾಕ್ಷಿಗಳ ಯೋಗ್ಯತೆಯನ್ನು ಅತಿಯಾಗಿ ಶೋಧಿಸಕೂಡದೆಂದೂ ಹೇಳುತ್ತದೆ. ಕಾರಣವು ಗೂಢವಾದುದೇನಲ್ಲ. ಬಲಾತ್ಕಾರವು ನಾಲ್ಕು ಮಂದಿ ಶ್ರೋತ್ರಿಯರನ್ನು ಕೂರಿಸಿಕೊಂಡು ನಡೆಯತಕ್ಕ ಕೆಲಸವಲ್ಲ. 1872ನೆಯ ಸಾಕ್ಷ್ಯ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ 2023ನೆಯ ಕಾಯಿದೆಯೂ ಇದನ್ನೇ ಅನುಸರಿಸಿವೆ: ಪ್ರಶ್ನೆಯನ್ನು ತಿಳಿದು ಸಮಂಜಸವಾದ ಉತ್ತರ ಕೊಡಬಲ್ಲ ಮಗುವು ಯೋಗ್ಯ ಸಾಕ್ಷಿಯೇ.

ಮಕ್ಕಳು ಸುಳ್ಳು ಹೇಳುವುದೇ ಇಲ್ಲವೆಂದು ಇದರ ಅರ್ಥವೇ? ಅಲ್ಲ. ಅದಕ್ಕಿಂತ ಮುಖ್ಯವಾದ ಅಪಾಯವೆಂದರೆ, ಹಿರಿಯರು ಮಕ್ಕಳ ಬಾಯಿಂದ ತಮಗೆ ಬೇಕಾದುದನ್ನು ಹೇಳಿಸುವುದು. ಅಮೆರಿಕಾದ ಕ್ಯಾಲಿಫೋರ್ನಿಯಾದಲ್ಲಿ ಮೆಕ್‌ಮಾರ್ಟಿನ್ ಎಂಬ ಶಿಶುವಿಹಾರದ ಮೇಲೆ 1983ರಲ್ಲಿ ದೂರು ಹುಟ್ಟಿತು. ನೂರಾರು ಮಕ್ಕಳನ್ನು ಪ್ರಶ್ನಿಸಿದರು. ಇಂತಹ ಉತ್ತರವೇ ಬೇಕೆಂದು ಸೂಚಿಸುವ ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳಿ, ಕೊನೆಗೆ ನಂಬಲಸಾಧ್ಯವಾದ ಕಥೆಗಳು ಹೊರಟವು. 1990ರವರೆಗೆ ವ್ಯಾಜ್ಯ ನಡೆದು ಒಬ್ಬರಿಗೂ ಶಿಕ್ಷೆಯಾಗಲಿಲ್ಲ, ಎಷ್ಟೋ ಬಾಳುಗಳು ಮಾತ್ರ ಹಾಳಾದವು. ಆದುದರಿಂದ ಮಗುವು ಮೊದಲು ಯಾರ ಮುಂದೆ, ಯಾವ ಸಂದರ್ಭದಲ್ಲಿ, ತನ್ನ ಯಾವ ಮಾತುಗಳಲ್ಲಿ ಹೇಳಿತೆಂಬುದನ್ನು ನೋಡಬೇಕು, "ಆಮೇಲೆ ಏನಾಯಿತು?" ಎಂದಷ್ಟೇ ಕೇಳಿ ಸುಮ್ಮನಿರಬೇಕು. ಪರಸ್ಪರ ಸಂಪರ್ಕವಿಲ್ಲದ ಮಕ್ಕಳ ಮಾತುಗಳು ಎಲ್ಲಿ ಕೂಡುತ್ತವೆ, ಎಲ್ಲಿ ಬೇರೆಯಾಗುತ್ತವೆಯೆಂಬುದನ್ನು ಗುರುತಿಸಬೇಕು. ಸಣ್ಣ ಪುಟ್ಟ ವ್ಯತ್ಯಾಸಗಳು ಇರುವುದು ಸಹಜ. ಅಕ್ಷರಶಃ ಒಂದೇ ಆಗಿದ್ದರೆ ಕಲಿಸಿಕೊಟ್ಟ ಪಾಠವೆಂದು ಸಂಶಯಪಡಲು ಕಾರಣವುಂಟು. ಪಾಠ ಒಪ್ಪಿಸುವ ಹುಡುಗರ ಧ್ವನಿ ಉಪಾಧ್ಯಾಯರಿಗೆ ಗೊತ್ತಿರುವುದೇ.

ಇನ್ನು ತೀರ್ಪಿನ ವಿಷಯ. ಮುರುಘಾ ಮಠದ ಮೊದಲನೆಯ ಪ್ರಕರಣದಲ್ಲಿ ಚಿತ್ರದುರ್ಗದ ನ್ಯಾಯಸ್ಥಾನವು 2025ನೆಯ ನವೆಂಬರ್ 26ರಂದು ಶರಣರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಆ ಪ್ರಕರಣದ ಮಟ್ಟಿಗೆ ಅವರನ್ನು ಅಪರಾಧಿಯೆಂದು ಕರೆಯುವ ಹಕ್ಕು ಆ ಬಳಿಕ ಯಾರಿಗೂ ಇಲ್ಲ. ಕರೆಯುವವರು ಅಧರ್ಮಿಗಳು. ಆದರೆ ತೀರ್ಪು ಬಂದ ಸಂಜೆಯೇ, "ನೋಡಿದಿರಾ, ಹೆಣ್ಣುಮಕ್ಕಳು ಕಟ್ಟುಕಥೆ ಹೇಳಿದ್ದರು" ಎಂದು ಜಗುಲಿಗಳಲ್ಲಿ ಸಂಭ್ರಮಪಟ್ಟವರು ತೀರ್ಪಿನಲ್ಲಿಲ್ಲದುದನ್ನು ತಾವೇ ಸೇರಿಸಿಕೊಂಡರು. ಅಪರಾಧವು ಸಂಶಯಾತೀತವಾಗಿ ಸಿದ್ಧವಾಯಿತೇ ಎಂಬುದು ನ್ಯಾಯಸ್ಥಾನದ ಮುಂದಿರುವ ಪ್ರಶ್ನೆ. ಸಿದ್ಧವಾಗಲಿಲ್ಲವೆಂಬುದು ಒಂದು ಮಾತು, ಸುಳ್ಳೆಂದು ಸಿದ್ಧವಾಯಿತೆಂಬುದು ಬೇರೊಂದು ಮಾತು. ಎರಡನೆಯದಕ್ಕೆ ಬೇರೆಯೇ ಪ್ರಮಾಣ ಬೇಕು. ಬಂಧನವಾದ ದಿನದಿಂದ ತೀರ್ಪಿನ ದಿನದವರೆಗೆ ಕಳೆದುದು ಮೂರು ವರ್ಷಕ್ಕೂ ಮಿಕ್ಕ ಕಾಲ. 2012ನೆಯ ಪೋಕ್ಸೋ ಕಾಯಿದೆಯು ಸಾಧ್ಯವಾದ ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆನ್ನುತ್ತದೆ. ಈ ವಿಳಂಬದಿಂದ ಆಪಾದಿತನಿಗೂ ಅನ್ಯಾಯ, ದೂರಿತ್ತ ಮಗುವಿಗೂ ಅನ್ಯಾಯ.

ತೀರ್ಪು ಏನೇ ಇರಲಿ, ಅದು ಉತ್ತರಿಸದೆ ಬಿಟ್ಟ, ಉತ್ತರಿಸಬೇಕಾಗಿಯೂ ಇಲ್ಲದಿದ್ದ ಪ್ರಶ್ನೆ ಒಂದುಂಟು. ಚಿತ್ರದುರ್ಗದ ಒಂದು ನಿಲಯದ ಮೇಲಣ ದೂರು ಮೊದಲು ಬರಹಕ್ಕಿಳಿದುದು ಇನ್ನೂರು ಕಿಲೋಮೀಟರಿಗೂ ಆಚೆಯ ಮೈಸೂರಿನಲ್ಲಿ ಏಕೆ? ದೂರು ನಿಜವಾಗಿದ್ದರೂ ಸುಳ್ಳಾಗಿದ್ದರೂ ಈ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ. ಮನೆಯ ಹತ್ತಿರದಲ್ಲಿಯೇ ನಿರ್ಭಯವಾಗಿ ಹೇಳಿಕೊಳ್ಳುವ ಸ್ಥಳವಿದ್ದಿದ್ದರೆ, ನಿಜವಾದ ದೂರು ಬೇಗನೆ ಹೊರಬರುತ್ತಿತ್ತು, ಸುಳ್ಳು ದೂರು ಬೇಗನೆ ಬಿದ್ದುಹೋಗುತ್ತಿತ್ತು.

"ಇಷ್ಟು ವರ್ಷಗಳಲ್ಲಿ ಒಂದು ದೂರೂ ಬಂದಿಲ್ಲ" ಎಂಬುದು ಧರ್ಮನಿಲಯಗಳ ಪರವಾಗಿ ಹೇಳಲಾಗುವ ದೊಡ್ಡ ವಾದ. ಮೀಮಾಂಸಕರು ಇದಕ್ಕೆ ಬಹು ಹಿಂದೆಯೇ ಉತ್ತರ ಹೇಳಿಟ್ಟಿದ್ದಾರೆ. ಕಾಣಿಸದಿರುವಿಕೆಯಿಂದ ಇಲ್ಲವೆಂದು ತಿಳಿಯಬೇಕಾದರೆ ಅದು ಯೋಗ್ಯಾನುಪಲಬ್ಧಿಯಾಗಿರಬೇಕು. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣಿಸದಿದ್ದರೆ ಗಡಿಗೆ ಇಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣಿಸದಿದ್ದರೆ ಕತ್ತಲೆ ಇದೆಯೆಂದಷ್ಟೇ ತಿಳಿಯಿತು. ಮಗುವು ಬರೆದ ಕಾಗದವನ್ನು ವಾರ್ಡನ್ನರೇ ಓದಿ ಕಳುಹಿಸುವ, ಭೇಟಿಗೆ ಬಂದ ತಾಯಿಯ ಪಕ್ಕದಲ್ಲಿ ನಿಲಯದವರೊಬ್ಬರು ಕುಳಿತೇ ಇರುವ ಮನೆಯಲ್ಲಿ ದೂರು ಬಾರದಿರುವುದು ಯಾವ ಗುಣದ ಪ್ರಮಾಣ?

ಐರ್ಲೆಂಡ್ ದೇಶದ ಕಥೆ ಇದಕ್ಕೆ ನಿದರ್ಶನ. ಅಲ್ಲಿ ಕ್ರೈಸ್ತ ಸಂನ್ಯಾಸಿ ಸಂಘಗಳು ನಡೆಸುತ್ತಿದ್ದ 'ಕೈಗಾರಿಕಾ ಶಾಲೆ'ಗಳಿಗೆ ಬಡಮಕ್ಕಳನ್ನೂ ಶಾಲೆ ತಪ್ಪಿಸಿದವರನ್ನೂ ನ್ಯಾಯಸ್ಥಾನಗಳೇ ಕಳುಹಿಸುತ್ತಿದ್ದವು. ದಶಕಗಟ್ಟಲೆ ಸರಕಾರದ ತನಿಖೆಯೂ ಇತ್ತು. 2009ನೆಯ ಮೇ ತಿಂಗಳಲ್ಲಿ ಹೊರಬಿದ್ದ ರಯಾನ್ ಆಯೋಗದ ಐದು ಸಂಪುಟಗಳ ವರದಿಯು, ಗಂಡುಮಕ್ಕಳ ಶಾಲೆಗಳಲ್ಲಿ ಹೊಡೆತವೂ ಲೈಂಗಿಕ ಪೀಡನೆಯೂ ಬೇರುಬಿಟ್ಟಿದ್ದುವೆಂದೂ, ವಿದ್ಯಾ ಇಲಾಖೆಯವರು ಸಂನ್ಯಾಸಿ ಸಂಘಗಳ ಮುಂದೆ ತಲೆಬಾಗಿ ನಿಂತುದರಿಂದ ತನಿಖೆಯು ತನಿಖೆಯಾಗಲಿಲ್ಲವೆಂದೂ ತೀರ್ಮಾನಿಸಿತು. ಪರಿವೀಕ್ಷಕನು ಬಂದರೆ ನೆಲ ತೊಳೆದಿರುತ್ತದೆ, ಹಾಸಿಗೆ ಹಾಸಿರುತ್ತದೆ. ಅದು ಎಲ್ಲ ದೇಶಗಳ ಶಾಲೆಗಳಿಗೂ ತಿಳಿದಿರುವ ವಿದ್ಯೆ.

ಅಮೆರಿಕಾದ ಟೆಕ್ಸಾಸ್‌ನಲ್ಲಿ ಲೆಸ್ಟರ್ ರೋಲೋಫ್ ಎಂಬ ಧರ್ಮಬೋಧಕನು 'ದಾರಿ ತಪ್ಪಿದ' ಹೆಣ್ಣುಮಕ್ಕಳಿಗಾಗಿ ರೆಬೆಕಾ ನಿಲಯವೆಂಬುದನ್ನು ನಡೆಸುತ್ತಿದ್ದನು. ಚರ್ಮದ ಪಟ್ಟಿಯಿಂದ ಹೊಡೆದರೆಂದೂ, ಒಂಟಿಯಾಗಿ ಕೂಡಿಹಾಕಿದರೆಂದೂ 1970ರ ದಶಕದಲ್ಲಿ ಹುಡುಗಿಯರು ಪ್ರಮಾಣಪತ್ರ ಸಲ್ಲಿಸಿದರು. ಸರಕಾರವು ಪರವಾನಗಿ ಪಡೆಯಿರೆಂದಿತು. ಧರ್ಮಕಾರ್ಯಕ್ಕೆ ಸರಕಾರದ ಪರವಾನಗಿಯೇ ಎಂದು ಅವನು ಸಿಡಿದೆದ್ದನು. 1979ರಲ್ಲಿ ಭಕ್ತರು ಕೈಕೈ ಹಿಡಿದು ಆವರಣದ ಸುತ್ತ ನಿಂತರು. ಅವನು 1982ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಮೇಲೆ 1985ರಲ್ಲಿ ನಿಲಯವು ಪರವಾನಗಿ ಕೇಳದ ಬೇರೊಂದು ಸಂಸ್ಥಾನಕ್ಕೆ ಹೋಯಿತು. 1997ರಲ್ಲಿ ಟೆಕ್ಸಾಸ್ ಧರ್ಮನಿಲಯಗಳಿಗೆ ವಿನಾಯಿತಿ ಕೊಟ್ಟಿತು, ನಿಲಯವು ಮರಳಿ ಬಂದಿತು, ಹೊಸ ದೂರುಗಳೂ ಬಂದವು. 2001ರಲ್ಲಿ ಆ ವಿನಾಯಿತಿ ಕೊನೆಗಂಡಿತು. ಗೋಡೆಯ ಹೊರಗೆ ಕೈಹಿಡಿದು ನಿಂತ ಭಕ್ತರಲ್ಲಿ ಎಷ್ಟು ಮಂದಿ ಒಳಗಿನ ಒಬ್ಬ ಹುಡುಗಿಯನ್ನಾದರೂ ಏಕಾಂತದಲ್ಲಿ ಮಾತನಾಡಿಸಿದ್ದರೋ!

"ಹಿಂದೂ ಮಠಗಳೆಂದರೆ ಮಾತ್ರ ಎಲ್ಲರೂ ಹಾರಿ ಬೀಳುತ್ತಾರೆ" ಎಂದು ಗೊಣಗುವವರಿಗೆ ಈ ಎರಡು ನಿದರ್ಶನಗಳೂ ಸಾಕು. ವಿಷಯವು ಮತದ್ದಲ್ಲ, ಮುಚ್ಚಿದ ಬಾಗಿಲಿನದು. ಧರ್ಮದ ಸೋಂಕೇ ಇಲ್ಲದ ಬಿಹಾರದ ಮುಜಫ್ಫರಪುರದ ಬಾಲಿಕಾಗೃಹದ ದುರಾಚಾರವು 2018ರಲ್ಲಿ ಹೊರಬಂದುದಾದರೂ ಹೇಗೆ? ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಹೊರಗಿನಿಂದ ಹೋಗಿ, ನಿಲಯಗಳನ್ನು ಪರಿಶೋಧಿಸಿ ಕೊಟ್ಟ ವರದಿಯಿಂದ. ಅದನ್ನು ನಡೆಸುತ್ತಿದ್ದವನಿಗೆ 2020ರಲ್ಲಿ ಆಜೀವ ಶಿಕ್ಷೆಯಾಯಿತು.

ನಮ್ಮ ದೇಶದಲ್ಲಿ ಕಾಯಿದೆಗೆ ಕೊರತೆಯಿಲ್ಲ. 2015ನೆಯ ಬಾಲನ್ಯಾಯ ಕಾಯಿದೆಯಂತೆ ಆಶ್ರಯ ಬೇಕಾದ ಮಕ್ಕಳನ್ನಿಟ್ಟುಕೊಳ್ಳುವ ಸಂಸ್ಥೆಗಳು ನೋಂದಣಿಯಾಗಲೇಬೇಕು. ಸರ್ವೋಚ್ಚ ನ್ಯಾಯಾಲಯವು 2017ನೆಯ ಮೇ 5ರಂದು ಆ ವರ್ಷಾಂತ್ಯದೊಳಗೆ ಈ ಕೆಲಸ ಮುಗಿಯಬೇಕೆಂದು ವಿಧಿಸಿತು. ಪೋಕ್ಸೋ ಕಾಯಿದೆಯ 19ನೆಯ ಕಲಮಿನಂತೆ ಇಂತಹ ಅಪರಾಧ ನಡೆದುದನ್ನು ತಿಳಿದವರು ಯಾರೇ ಆಗಲಿ ತಿಳಿಸಬೇಕಾದುದು ಕಡ್ಡಾಯ. ಸದ್ಭಾವದಿಂದ ತಿಳಿಸಿದವರಿಗೆ ರಕ್ಷಣೆಯುಂಟು, ತಿಳಿದೂ ಮುಚ್ಚಿಟ್ಟವರಿಗೆ ಶಿಕ್ಷೆಯುಂಟು. "ಮಠದ ಮಾನ ಹೋಗುತ್ತದೆ, ಒಳಗೊಳಗೇ ತೀರಿಸೋಣ" ಎಂದು ಪಂಚಾಯಿತಿ ಕೂರಿಸುವ ಹಿರಿಯರು ತಾವು ಧರ್ಮಸಂರಕ್ಷಣೆ ಮಾಡುತ್ತಿರುವೆವೆಂದು ತಿಳಿದಿರಬಹುದು. ಕಾಯಿದೆಯ ದೃಷ್ಟಿಯಲ್ಲಿ ಅವರು ಮಾಡುತ್ತಿರುವುದು ಅಪರಾಧ. ಎಳೆಯ ಮಗುವಿನ ಮೈಯನ್ನು ಬಚ್ಚಿಟ್ಟು ಉಳಿಸಿಕೊಂಡ ಮಾನ ಎಷ್ಟು ದಿನದ್ದು?

ಜೂನ್ ತಿಂಗಳು ಬಂದೊಡನೆ ಟ್ರಂಕು ಹೊರಿಸಿಕೊಂಡು ನಿಲಯಗಳ ಬಾಗಿಲಿಗೆ ಮಕ್ಕಳನ್ನು ಕರೆದೊಯ್ಯುವ ತಂದೆತಾಯಿಗಳು ಪಾದಪೂಜೆಯನ್ನು ಧಾರಾಳವಾಗಿ ಮಾಡಲಿ. ಅದಾದ ಮೇಲೆ ನೋಂದಣಿಯ ಪತ್ರವನ್ನು ತೋರಿಸಿರೆಂದು ಕೇಳಲಿ. ರಾತ್ರಿ ಮಲಗುವ ಕೋಣೆಯ ಬೀಗದ ಕೈ ಯಾರ ಸೆರಗಿನಲ್ಲಿರುತ್ತದೆಂದು ಕೇಳಲಿ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯವರು ಕಳೆದ ಸಲ ಬಂದುದು ಯಾವಾಗ, ಮಕ್ಕಳೊಡನೆ ಬೇರೆಯಾಗಿ ಮಾತನಾಡಿದರೇ ಎಂದು ಕೇಳಲಿ. 1098 ಎಂಬ ಸಂಖ್ಯೆಯು ಗೋಡೆಯ ಮೇಲೆ ಮಗುವಿನ ಕಣ್ಣಿಗೆ ಬೀಳುವಂತೆ ಬರೆದಿದೆಯೇ, ಅದನ್ನು ಒತ್ತಲು ಮಗುವಿನ ಕೈಗೆ ದೂರವಾಣಿ ಸಿಕ್ಕುವುದೇ ಎಂದು ನೋಡಲಿ. ಸದುದ್ದೇಶದಿಂದ ನಡೆಯುವ ಮಠದವರು ಈ ಪ್ರಶ್ನೆಗಳಿಗೆ ಕೋಪಿಸಿಕೊಳ್ಳರು. ಕೋಪಿಸಿಕೊಂಡರೆ ಟ್ರಂಕನ್ನು ಕೆಳಗಿಳಿಸುವ ಮುನ್ನವೇ ಹಿಂದಿರುಗುವ ಬಸ್ಸಿನ ಹೊತ್ತನ್ನು ವಿಚಾರಿಸುವುದು ಲೇಸು. ಮಗುವನ್ನು ಬಿಟ್ಟೇ ಬರುವುದಾದರೆ, ಹೊರಡುವ ಮೊದಲು ಸ್ವಾಮಿಗಳ ಎದುರಿಗೇ, ಮಗುವಿಗೆ ಕೇಳಿಸುವಂತೆ, "ಇವನು ತುಂಟನು, ಆದರೆ ತನಗೆ ನೋವಾಯಿತೆಂದು ಇವನು ಹೇಳಿದರೆ ನಾವು ನಂಬುತ್ತೇವೆ" ಎಂದು ಹೇಳಿ ಬರಲಿ.