ಸ್ಕ್ರೂಗೆ ತಕ್ಕ ಮೊನೆ, ಮೊನೆಗೆ ಒಗ್ಗುವ ಸ್ಕ್ರೂ

ಬೆಂಗಳೂರಿನ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಸ್ಕ್ರೂಡ್ರೈವರ್ ಕೇಳಿ, ಟೆಸ್ಟರ್ ತಂದುಕೊಡುತ್ತಾರೆ. ಕರೆಂಟ್ ಇದೆಯೋ ಇಲ್ಲವೋ ನೋಡಲೆಂದು ಮಾಡಿದ ಆ ತೆಳು ಕಡ್ಡಿಯಿಂದಲೇ ಕುಕ್ಕರಿನ ಹಿಡಿ, ಮಿಕ್ಸಿಯ ತಳ, ಬಾಗಿಲ ಚಿಲಕ ಎಲ್ಲವನ್ನೂ ಬಿಗಿ ಮಾಡುತ್ತೇವೆ. ತಿರುಚಿ ತಿರುಚಿ ಟೆಸ್ಟರಿನ ಪ್ಲಾಸ್ಟಿಕ್ ಸೀಳುತ್ತದೆ. ಮುಂದೆ ಅದನ್ನು ಪ್ಲಗ್ಗಿಗೆ ಹಾಕುವ ಕೈಗೆ ಅಪಾಯ. ಇತ್ತ ಸ್ಕ್ರೂವಿನ ತಲೆಯೂ ಸವೆದಿರುತ್ತದೆ. ಆಮೇಲೆ ಕೇಳುವುದು ಒಂದೇ ಮಾತು: ಇದು ರಿಪೇರಿ ಆಗಲ್ಲ, ಹೊಸದು ತಗೊಳ್ಳಿ. ನಮ್ಮ ಮನೆಗಳ ಎಷ್ಟೋ ಸಾಮಾನು ಗುಜರಿಗೆ ಹೋಗುವುದು ಪೂರ್ತಿ ಕೆಟ್ಟಿದ್ದಕ್ಕಲ್ಲ, ಬಿಚ್ಚಲು ಆಗದಿದ್ದಕ್ಕೆ.

ನಾನು ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾದವನು. ಗಡಿಯಾರದ ಕೆಲಸದಲ್ಲಿ ಸ್ಕ್ರೂಡ್ರೈವರನ್ನು ಅಂಗಡಿಯಿಂದ ತಂದ ಹಾಗೇ ಬಳಸುವುದಿಲ್ಲ. ಸ್ಕ್ರೂವಿನ ಸೀಳು ಎಷ್ಟು ಉದ್ದ, ಎಷ್ಟು ದಪ್ಪ ಎಂದು ನೋಡಿ, ಎಣ್ಣೆಕಲ್ಲಿನ ಮೇಲೆ ಮೊನೆ ಉಜ್ಜಿ ಹೊಂದಿಸಿಕೊಂಡ ಮೇಲೇ ಕೈ ಹಾಕುವುದು. ಈ ಶಿಸ್ತು ಪ್ರತಿ ಮನೆಗೂ ಬರಬೇಕೆಂಬುದು ನನ್ನ ಆಸೆ. ಅದಕ್ಕೆ ದೊಡ್ಡ ಟೂಲ್‌ಕಿಟ್ ಬೇಡ. ಅನೇಕರ ಬ್ಯಾಗಿನಲ್ಲಿ ಈಗಾಗಲೇ ಇರುವ ಮಡಚುವ ಚಾಕು ಅಥವಾ ಮಲ್ಟಿಟೂಲನ್ನು ತಿದ್ದಿಕೊಂಡರೆ ಸಾಕು.

1890ರ ದಶಕದ ಆರಂಭದಲ್ಲಿ ಸ್ವಿಸ್ ಸೇನೆ ಸೈನಿಕರಿಗೆ ಮಡಚುವ ಚಾಕು ಕೊಟ್ಟಾಗ ಅದರಲ್ಲಿ ಸ್ಕ್ರೂಡ್ರೈವರ್ ಸೇರಿಸಿದ್ದು ಹೊಸ ರೈಫಲನ್ನು ಬಿಚ್ಚಿ ಜೋಡಿಸಲೆಂದು. ಬಿಚ್ಚಬೇಕಾದ ಸ್ಕ್ರೂ ಯಾವುದೆಂದು ಮೊದಲೇ ಗೊತ್ತಿತ್ತು. ಇವತ್ತಿನ ಚಾಕುವಿನಲ್ಲಿ ಬಾಟಲಿ ಮುಚ್ಚಳ ತೆಗೆಯುವ ಅಲಗಿನ ತುದಿಯೇ ಸ್ಕ್ರೂಡ್ರೈವರ್. ಅದು ಹತ್ತಾರು ಬಗೆಯ ಸ್ಕ್ರೂಗಳಿಗೆ ಹೇಗೋ ತಗಲುತ್ತದೆ, ಯಾವುದರಲ್ಲೂ ಗಟ್ಟಿಯಾಗಿ ಕೂರುವುದಿಲ್ಲ.

ತಿದ್ದುವ ಬಗೆ ಹೀಗೆ. ಚಪ್ಪಟೆ ಮೊನೆ ಬೆಣೆಯ ಆಕಾರದಲ್ಲಿದ್ದರೆ ತಿರುಗಿಸಿದ ಕೂಡಲೇ ಸೀಳಿನಿಂದ ಮೇಲಕ್ಕೆ ಜಾರುತ್ತದೆ. ನುಣುಪು ಅರದಿಂದ ತುದಿಯ ಒಂದೆರಡು ಮಿಲಿಮೀಟರನ್ನು ಎರಡೂ ಮಗ್ಗುಲು ಸಮಾನಾಂತರವಾಗುವಂತೆ ಉಜ್ಜಿ. ಮೂಲೆಗಳು ಚೌಕವಾಗಿಯೇ ಇರಲಿ. ಸಾಣೆ ಹಿಡಿಯುವವರಿಗೆ ಕೊಡುವುದಾದರೆ ಪಕ್ಕದಲ್ಲಿ ನೀರಿಟ್ಟು ಪದೇ ಪದೇ ಅದ್ದಲು ಹೇಳಿ. ಉಕ್ಕು ನೀಲಿಗೆ ತಿರುಗಿದರೆ ಹದ ಹೋಯಿತೆಂದೇ ಲೆಕ್ಕ, ಆ ಮೊನೆ ಬಲ ಬಿದ್ದ ಕೂಡಲೇ ಬಾಗುತ್ತದೆ.

ನಾವೆಲ್ಲ ಸ್ಟಾರ್ ಎನ್ನುವ ಸ್ಕ್ರೂಗೆ ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದರು. ಅದರ ಗುಳಿಯ ಗೋಡೆಗಳು ಇಳಿಜಾರು, ಬಲ ಹೆಚ್ಚಾದರೆ ಮೊನೆಯನ್ನು ಹೊರಕ್ಕೆ ತಳ್ಳುತ್ತವೆ. ಆದ್ದರಿಂದ ಬಲದ ಮುಕ್ಕಾಲು ಪಾಲು ಒತ್ತುವುದಕ್ಕೆ, ಕಾಲು ಪಾಲು ತಿರುಗಿಸುವುದಕ್ಕೆ ಇರಬೇಕು. ಜಪಾನಿ ಸ್ಕ್ರೂಗಳದ್ದು ಬೇರೆ ಕತೆ. ನೋಡಲು ಸ್ಟಾರ್, ಒಳಗಿನ ಅಳತೆ ಬೇರೆ. ಹಲವಕ್ಕೆ ತಲೆಯ ಮೇಲೊಂದು ಚುಕ್ಕಿ ಇರುತ್ತದೆ. ಈ ಊರಿನ ಹುಡುಗರು ಇವತ್ತಿಗೂ ಜೋಪಾನ ಮಾಡುವ ಯಮಹಾ ಆರ್‌ಎಕ್ಸ್ 100ರಂಥ ಗಾಡಿಗಳ ಕಾರ್ಬುರೇಟರಿನಲ್ಲಿ ಇಂಥ ಸ್ಕ್ರೂ ತಲೆಗಳು ಹಾಳಾಗುವುದು ಸಾಮಾನ್ಯ ಸ್ಟಾರ್ ಮೊನೆ ಹಾಕಿದ್ದರಿಂದ. ಆ ಮೊನೆಯ ಮೂಗನ್ನು ಕೂದಲೆಳೆಯಷ್ಟೇ ಅರದಿಂದ ತಗ್ಗಿಸಿದರೆ ಗುಳಿಯ ಆಳಕ್ಕೆ ಇಳಿದು ಹಿಡಿಯುತ್ತದೆ. ಆಗಲೇ ಅರ್ಧ ಸವೆದ ತಲೆಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ ವಾಲ್ವ್ ಗ್ರೈಂಡಿಂಗ್ ಪೇಸ್ಟ್ ತಂದು ಮೊನೆಗೆ ಸವರಿ. ಅದರಲ್ಲಿರುವ ಗಟ್ಟಿ ಹರಳುಗಳು ಜಾರಲು ಬಿಡುವುದಿಲ್ಲ.

ಅರ ಹಿಡಿಯಲು ಒಲ್ಲದವರಿಗೆ ಬಿಟ್‌ಗಳಿವೆ. ಕಾಲಿಂಚಿನ ಷಟ್ಕೋನ ಬುಡ ಜಗತ್ತಿಗೆಲ್ಲ ಒಂದೇ ಅಳತೆ, 6.35 ಮಿಲಿಮೀಟರ್. ಎಸ್.ಪಿ. ರಸ್ತೆಯಲ್ಲಿ ಚಪ್ಪಟೆ, ಸ್ಟಾರ್, ಅಲೆನ್, ಟಾರ್ಕ್ಸ್ ಬಿಟ್‌ಗಳನ್ನು ಆರಿಸಿಕೊಂಡು ಒಂದು ಸಣ್ಣ ಡಬ್ಬಿಗೆ ಹಾಕಿಡಿ. ಮಲ್ಟಿಟೂಲಿನ ಇಕ್ಕಳದ ಬಾಯಿಗೆ ಬಿಟ್ಟನ್ನು ನೇರವಾಗಿ ಕೊಟ್ಟು ಅದುಮಿ ಹಿಡಿದರೆ ಸಾಧಾರಣ ಸ್ಕ್ರೂಗಳೆಲ್ಲ ಬರುತ್ತವೆ. ಇಕ್ಕಳ ಹೋಗದ ಇಕ್ಕಟ್ಟಿನಲ್ಲಿ ಕಾಲಿಂಚಿನ ಸ್ಪ್ಯಾನರಿಗೆ ಅದೇ ಬಿಟ್ ಸಿಕ್ಕಿಸಿ ಅಡ್ಡಕ್ಕೆ ತಿರುಗಿಸಬಹುದು.

ಇಷ್ಟೆಲ್ಲ ನಮ್ಮ ಕೈಯಲ್ಲಿದೆ. ನಮ್ಮ ಕೈ ಮೀರಿದ್ದು ಇನ್ನೊಂದಿದೆ: ಬಿಚ್ಚಬಾರದೆಂದೇ ಆರಿಸಿದ ಸ್ಕ್ರೂ. 2009ರಲ್ಲಿ ಆಪಲ್ ತನ್ನ ಲ್ಯಾಪ್‌ಟಾಪಿನ ಬ್ಯಾಟರಿಗೆ ಐದು ದಳದ ಸ್ಕ್ರೂ ಹಾಕಿತು, ಆಮೇಲೆ ಅದು ಐಫೋನಿಗೂ ಬಂತು. ಮಿಕ್ಸಿ, ಚಾರ್ಜರ್, ಆಟಿಕೆಗಳಲ್ಲಿ ಮೂರು ಕಾಲಿನ ಸ್ಕ್ರೂ, ನಡುವೆ ಗೂಟವಿರುವ ಸ್ಕ್ರೂ ಈಗ ಮಾಮೂಲು. ಸುರಕ್ಷತೆಗೆ ಎನ್ನುವುದು ತಯಾರಕರ ಸಮಜಾಯಿಷಿ. ಮೈಕ್ರೋವೇವ್ ಒಲೆಯ ವಿಷಯದಲ್ಲಿ ಆ ಮಾತು ನಿಜ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಮಗುವಿನ ಆಟಿಕೆ ಕಾರಿಗೆ ಈ ವಾದ ಹೊಂದುವುದಿಲ್ಲ. ವೃತ್ತಿಯವರ ಹತ್ತಿರ ಆ ಬಿಟ್‌ಗಳೆಲ್ಲ ಇರುತ್ತವೆ. ತಡೆಯಾಗುವುದು ದುಡ್ಡು ಕೊಟ್ಟು ಕೊಂಡ ಮನೆಯವರಿಗೆ ಮಾತ್ರ.

ಫ್ರಾನ್ಸ್ 2021ರ ಜನವರಿಯಲ್ಲಿ ಫೋನ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮೆಷಿನ್‌ಗಳ ಮೇಲೆ ರಿಪೇರಿಗೆ ಹತ್ತಕ್ಕೆ ಎಷ್ಟು ಅಂಕ ಎಂದು ಬರೆಸಲು ಶುರುಮಾಡಿತು; ಬಿಚ್ಚಲು ಯಾವ ಉಪಕರಣ ಬೇಕು, ಯಾವ ಸ್ಕ್ರೂ ಹಾಕಿದ್ದಾರೆ ಎಂಬುದೂ ಆ ಲೆಕ್ಕಕ್ಕೆ ಸೇರಿತ್ತು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ರಚಿಸಿತು, ಆ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ಮೊಬೈಲ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ ಇಂಥದೇ ಸೂಚ್ಯಂಕ ಬೇಕೆಂಬ ವರದಿ 2025ರ ಮೇನಲ್ಲಿ ಇಲಾಖೆಯ ಕೈ ಸೇರಿದೆ. ಅದು ಎಲ್ಲ ತಯಾರಕರ ಮೇಲೂ ಕಡ್ಡಾಯವಾಗಬೇಕು. ಅದರಲ್ಲಿ ಸ್ಕ್ರೂಗೆ ಪ್ರತ್ಯೇಕ ಅಂಕವಿರಬೇಕು: ಬೀದಿಬದಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಮೊನೆಗೆ ಬಿಚ್ಚಿಕೊಂಡರೆ ಪೂರ್ತಿ, ವಿಶೇಷ ಮೊನೆ ಬೇಕಾದರೆ ಆ ಮೊನೆಯನ್ನು ಡಬ್ಬದಲ್ಲೇ ಇಟ್ಟು ಕೊಟ್ಟಿದ್ದರಷ್ಟೇ ಅರ್ಧ, ಅಂಟು ಹಾಕಿ ಮುಚ್ಚಿದ್ದರೆ ಸೊನ್ನೆ. ಮಿಕ್ಸಿ ಕೊಳ್ಳುವಾಗ ಎಷ್ಟು ವಾಟ್, ಎಷ್ಟು ವರ್ಷ ಗ್ಯಾರಂಟಿ ಎಂದು ಕೇಳುತ್ತೇವೆ. ಇನ್ನು ಮುಂದೆ ಅದನ್ನು ಮಗುಚಿ ತಳ ನೋಡಿ, ಇದನ್ನು ಮನೆಯಲ್ಲೇ ಬಿಚ್ಚಬಹುದೇ ಎಂದೂ ಕೇಳೋಣ. ಕೊಳ್ಳುವವರು ಕೇಳದ ಹೊರತು ಮಾಡುವವರು ಬದಲಾಗುವುದಿಲ್ಲ.