ಬಾಡಿಗೆ ಕೋಣೆಯಲ್ಲಿ ಲಿನಕ್ಸ್

ಗೋಪನಕೊಪ್ಪದ ಓಣಿಯೊಂದರಲ್ಲಿ ಕಿರಾಣಿ ಅಂಗಡಿ ನಡೆಸುವ ಕಾಕಾ ಒಬ್ಬರು 2025ರ ದೀಪಾವಳಿಯ ಲಕ್ಷ್ಮೀಪೂಜೆಯ ಮುನ್ನಾದಿನ ನನ್ನನ್ನು ಕರೆಕಳಿಸಿದರು. ಕಿರ್ದಿ ಪುಸ್ತಕದ ಬದಲು ಕಂಪ್ಯೂಟರಿಗೆ ಕುಂಕುಮ ಹಚ್ಚುವ ಕಾಲವಿದು. ಕಾಕಾ ಕುಂಕುಮದ ಬಟ್ಟಲು ಹಿಡಿದುಕೊಂಡೇ ಪರದೆಯ ಮೇಲಿನ ಸೂಚನೆಯೊಂದನ್ನು ತೋರಿಸಿದರು.

"ಮಾಸ್ತರ, ಮಷೀನು ಗಟ್ಟಿ ಐತ್ರಿ. ಒಂದು ದಿನಾನೂ ಕೆಟ್ಟಿಲ್ಲ. ಆದ್ರೂ ಇದರ ಅವಧಿ ಮುಗೀತು, ಹೊಸಾದು ತಗೋ ಅಂತ ಬರಾಕ್ಹತ್ತೈತಿ. ಇದ್ಯಾವ ನ್ಯಾಯರೀ?"

ನ್ಯಾಯದ ಮಾತು ಆಮೇಲೆ. ಸಂಗತಿ ಹೀಗಿದೆ. ಮೈಕ್ರೋಸಾಫ್ಟ್ ಕಂಪನಿ 2015ರಲ್ಲಿ ಹೊರತಂದ ವಿಂಡೋಸ್ 10ಕ್ಕೆ ಪುಕ್ಕಟೆಯಾಗಿ ಕೊಡುತ್ತಿದ್ದ ಭದ್ರತೆಯ ದುರಸ್ತಿಯನ್ನು 2025ರ ಅಕ್ಟೋಬರ 14ಕ್ಕೆ ನಿಲ್ಲಿಸಿತು. ಹೆಸರು ನೋಂದಾಯಿಸಿದ ಮನೆಬಳಕೆದಾರರಿಗೆ ಇನ್ನೊಂದು ವರ್ಷದ ಗಡುವು ಸಿಕ್ಕಿತು, ಅಷ್ಟೆ. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಅದು ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪನ್ನೂ ಕಂಪನಿಯ ಯಾದಿಯಲ್ಲಿರುವ ಪ್ರೊಸೆಸರನ್ನೂ ಕೇಳುತ್ತದೆ. ಕಾಕಾನ ಯಂತ್ರದಲ್ಲಿ ಎರಡೂ ಇಲ್ಲ. ಗಿರಣಿಯ ಕೆಲಸಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅರಿವೆ ನೇಯುತ್ತಲೇ ಇರುವ ಮಗ್ಗವನ್ನು ಗುಜರಿಗೆ ಹಾಕೆಂದು ಮಗ್ಗ ಮಾರಿದವನೇ ಬಂದು ಹೇಳಿದರೆ ಏನನ್ನುವಿರಿ?

ಇಂಥ ಹೊತ್ತಿನಲ್ಲಿ ಲಿನಕ್ಸ್ ಹೆಸರು ಬರುತ್ತದೆ. 1983ರಲ್ಲಿ ಅಮೇರಿಕದ ರಿಚರ್ಡ್ ಸ್ಟಾಲ್ಮನ್ ಯಾರೂ ನಕಲು ಮಾಡಿ, ತಿದ್ದಿ, ಹಂಚಬಹುದಾದ ತಂತ್ರಾಂಶದ ಕೆಲಸವನ್ನು ಸಾರಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದಕ್ಕೆ ಬೇಕಾದ ಒಳತಿರುಳನ್ನು ಬರೆದರು. ಇಂದು ಅದು ಸಾವಿರಾರು ಜನರ ದುಡಿಮೆ. ಲಾಯಸೆನ್ಸಿನ ದುಡ್ಡಿಲ್ಲ, ಹಳೆಯ ಯಂತ್ರದ ಮೇಲೂ ನಡೆಯುತ್ತದೆ.

ಹಾಗಾದರೆ ಹಾಕಿಕೊಂಡರಾಯಿತಲ್ಲ? ಇಲ್ಲಿಯೇ ನಮ್ಮ ಜನ ಹೆದರುತ್ತಾರೆ. ಖಾತೆ, ಉದ್ರಿ, ಜಿ.ಎಸ್.ಟಿ. ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಇರುವಾಗ ಅದನ್ನು ಅಳಿಸಿ ಹೊಸದು ಹಾಕುವ ಧೈರ್ಯ ಯಾರಿಗಿದೆ? ಆಗ ಓಣಿಯ ಕಾಲೇಜು ಹುಡುಗ ಬಂದು ಹೇಳುತ್ತಾನೆ: "ವಿಂಡೋಸ್ ಒಳಗಿಂದನ ಲಿನಕ್ಸ್ ಹಾಕೋಣ್ರಿ ಕಾಕಾ, ಏನೂ ಅಪಾಯ ಇಲ್ಲ." ನಾನು ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಮೆಟ್ರಿಕ್‌ಗೇ ಓದು ಮುಗಿಸಿದವನು. ಆದರೆ ಈ ಹಾದಿಯಲ್ಲಿ ಎಡವಿ ಎದ್ದಿದ್ದೇನೆ. ಆದ್ದರಿಂದ ನನ್ನ ಅಭಿಪ್ರಾಯವನ್ನು ಹೇಳಿಯೇ ಬಿಡುತ್ತೇನೆ: ಒಳಗಿನಿಂದ ಹಾಕುವದು ಕಲಿಯುವದಕ್ಕೆ ಚಲೋ, ಅಂಗಡಿ ನಡೆಸುವದಕ್ಕೆ ಸಾಲದು.

ಈ ಒಳಹಾದಿಗಳಲ್ಲಿ ಹೆಸರಾದದ್ದು ವೂಬಿ. 2008ರ ಏಪ್ರಿಲ್‌ನ ಉಬುಂಟು ಆವೃತ್ತಿಯ ಜೊತೆ ಬಂತು. ವಿಂಡೋಸಿನಲ್ಲಿ ಬೇರೆ ಯಾವುದೇ ಪ್ರೋಗ್ರಾಮು ಹಾಕುವಂತೆ ಇದನ್ನು ಹಾಕಬಹುದಿತ್ತು, ಬೇಡವಾದರೆ ಹಾಗೆಯೇ ತೆಗೆಯಬಹುದಿತ್ತು. ಡಿಸ್ಕನ್ನು ಭಾಗ ಮಾಡುವ ಗೋಜಿಲ್ಲ. ಹೇಗೆ? ಇಡೀ ಲಿನಕ್ಸನ್ನು 'ರೂಟ್.ಡಿಸ್ಕ್' ಎಂಬ ಒಂದೇ ದೊಡ್ಡ ಕಡತದಲ್ಲಿ ತುಂಬಿ ವಿಂಡೋಸಿನ ಜಾಗದಲ್ಲಿಯೇ ಇಡುತ್ತಿತ್ತು. ಮಾಲೀಕನ ಪಡಸಾಲೆಯಲ್ಲಿ ಬಾಡಿಗೆದಾರ ತನ್ನ ಟ್ರಂಕು ಇಟ್ಟು ಅದರಲ್ಲಿಯೇ ಸಂಸಾರ ಹೂಡಿದಂತೆ.

ಕರೆಂಟು ಇರುವತನಕ ಸಂಸಾರ ಸುಖ. ಕೆಲಸದ ನಡುವೆ ಕರೆಂಟು ಹೋಗಿ ಯಂತ್ರ ಧಡಕ್ಕನೆ ಆರಿದರೆ ಪೆಟ್ಟು ಎರಡು ಕಡೆ ಬೀಳುತ್ತಿತ್ತು, ಒಳಗಿನ ಲಿನಕ್ಸಿಗೂ, ಅದನ್ನು ಹೊತ್ತ ವಿಂಡೋಸಿನ ಕಡತ ವ್ಯವಸ್ಥೆಗೂ. ಮತ್ತೆ ಹಚ್ಚಿದಾಗ ರೂಟ್.ಡಿಸ್ಕ್ ಸಿಗಲಿಲ್ಲವೆಂದು ಸಾಲೊಂದು ಬಂದು ನಿಲ್ಲುತ್ತಿತ್ತು. ಎಷ್ಟೋ ಜನ ಎಲ್ಲ ಹೋಯಿತೆಂದು ಅಲ್ಲಿಗೇ ಅಳಿಸಿಬಿಟ್ಟರು. ನಿಜಕ್ಕೂ ಆಗುತ್ತಿದ್ದದ್ದು ಬೇರೆ. ವಿಂಡೋಸ್ ತನ್ನ ಡಿಸ್ಕು ತಪಾಸಣೆ ಮಾಡುವಾಗ ಆ ಕಡತವನ್ನು ವಾರಸುದಾರರಿಲ್ಲದ ಸಾಮಾನೆಂದು ತಿಳಿದು 'ಫೌಂಡ್.000' ಎಂಬ ಮರೆಯ ಫೋಲ್ಡರಿಗೆ ಸರಿಸಿಬಿಡುತ್ತಿತ್ತು. ಅಲ್ಲಿಂದ ತಂದು ಮೊದಲಿನ ಜಾಗದಲ್ಲಿಟ್ಟರೆ ಬಹಳ ಸಲ ಬದುಕಿಕೊಳ್ಳುತ್ತಿತ್ತು. ತಪಾಸಣೆಯ ಹುಕುಮು 'ಚೆಕ್‌ಡಿಸ್ಕ್' ಓಡಿಸಿ, ವಿಂಡೋಸನ್ನು ಸರಿಯಾದ ಕ್ರಮದಲ್ಲಿ ಮುಚ್ಚಿ, ಆಮೇಲೆ ಲಿನಕ್ಸ್ ತೆರೆಯಬೇಕು. ಇಷ್ಟು ಗೊತ್ತಿಲ್ಲದೆ ಎಷ್ಟು ಜನರ ಬರಹ, ಲೆಕ್ಕ ಮಣ್ಣುಪಾಲಾಯಿತೋ!

2013ರ ಏಪ್ರಿಲ್‌ನ ಆವೃತ್ತಿಯಿಂದ ಉಬುಂಟುವಿನವರು ವೂಬಿಯನ್ನು ಕೈಬಿಟ್ಟರು. ವಿಂಡೋಸ್ 8ರ ಜೊತೆ ಬಂದ ಯಂತ್ರಗಳಲ್ಲಿ ಆರಂಭದ ಬಾಗಿಲೇ ಬದಲಾಯಿತು, ಯು.ಇ.ಎಫ್.ಐ. ಎಂದು ಅದರ ಹೆಸರು. ವೂಬಿಯ ಕೀಲಿಕೈ ಆ ಬಾಗಿಲಿಗೆ ಹೊಂದಲಿಲ್ಲ. ಇಂದೂ ಹಳೆಯ ಪ್ರತಿ ಹುಡುಕಿ ತಂದು ಹೊಸ ಯಂತ್ರಕ್ಕೆ ಹಾಕಲು ಹೋಗುವವರಿದ್ದಾರೆ. ಬೇಡಿರಿ.

ಈಗಿನ ಒಳಹಾದಿಯನ್ನು ಮಾಲೀಕನೇ ಕಟ್ಟಿಸಿದ್ದಾನೆ. 2016ರಲ್ಲಿ ಮೈಕ್ರೋಸಾಫ್ಟ್ ಡಬ್ಲ್ಯು.ಎಸ್.ಎಲ್. ಎಂಬ ವ್ಯವಸ್ಥೆಯನ್ನು ತಂದಿತು. ಅದರ ಎರಡನೆಯ ರೂಪದಲ್ಲಿ ನಿಜವಾದ ಲಿನಕ್ಸ್ ತಿರುಳೇ ವಿಂಡೋಸ್ ಒಳಗೆ ಓಡುತ್ತದೆ. 80370102 ಎಂದು ಕೊನೆಯಾಗುವ ತಪ್ಪಿನ ಸಂಖ್ಯೆ ಬಂತೆಂದರೆ ಹೆದರಬೇಕಾಗಿಲ್ಲ. ಯಂತ್ರ ಹಚ್ಚಿದ ಕೂಡಲೆ ತೆರೆಯುವ ಬಯಾಸ್ ಪುಟದಲ್ಲಿ ವರ್ಚುವಲೈಸೇಶನ್ ಮುಚ್ಚಿರುತ್ತದೆ, ಅದನ್ನು ತೆರೆದರೆ ಬಹುತೇಕ ಕೆಲಸ ಆಯಿತು. ಪ್ರೋಗ್ರಾಮು ಬರೆಯಲು ಕಲಿಯುವ ಮಕ್ಕಳಿಗೆ ಇದು ಉತ್ತಮ ಸಾಧನ, ಮನೆಯಲ್ಲಿ ಇಂಥವರಿದ್ದರೆ ಅವಶ್ಯ ಹಾಕಿಕೊಡಿರಿ. ಆದರೆ ಕಾಕಾನ ತೊಂದರೆಗೆ ಇದು ಮದ್ದಲ್ಲ. ಕೆಳಗಿನ ವಿಂಡೋಸಿಗೇ ಅವಧಿ ಮುಗಿದಿರುವಾಗ ಅದರ ಹೊಟ್ಟೆಯಲ್ಲಿ ಲಿನಕ್ಸ್ ಇಟ್ಟು ಏನು ಪ್ರಯೋಜನ? ಮಾಲೀಕನ ಮಾಡು ಸೋರಿದರೆ ಬಾಡಿಗೆದಾರನೂ ನೆನೆಯುತ್ತಾನೆ.

ಹೀಗಾಗಿ ಒಂದು ಭಾನುವಾರ ಮಧ್ಯಾಹ್ನ ಅಂಗಡಿ ಮುಚ್ಚಿಸಿ, ಕಾಕಾನ ಯಂತ್ರದಲ್ಲಿ ಲಿನಕ್ಸಿಗೆ ಬೇರೆಯದೇ ಆದ ಭಾಗ, ಬೇರೆಯದೇ ಆದ ಬಾಗಿಲು ಮಾಡಲು ಕುಳಿತೆವು. ಮೊದಲು ಖಾತೆಯನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಕಾಕಾನ ಕೈಯಲ್ಲಿಯೇ ಕೊಟ್ಟೆವು. ಇದನ್ನು ಮಾಡದವನಿಗೆ ಮುಂದಿನ ಒಂದು ಹೆಜ್ಜೆಯೂ ಸಲ್ಲದು.

ಡಿಸ್ಕು ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ಆದರೂ ಜಾಗ ಬಿಟ್ಟುಕೊಡೆಂದರೆ ವಿಂಡೋಸ್ ತುಸುವೇ ಬಿಟ್ಟಿತು. ಅಲುಗಾಡಿಸಲಾಗದ ಕೆಲವು ಕಡತಗಳು ನಟ್ಟನಡುವೆ ಕುಳಿತಿರುತ್ತವೆ. ಹೈಬರ್ನೇಶನ್ ಮತ್ತು ಪೇಜ್ ಫೈಲುಗಳನ್ನು ತಾತ್ಪೂರ್ತಿಕ ನಿಲ್ಲಿಸಿ, ಯಂತ್ರವನ್ನು ಮತ್ತೆ ಹಚ್ಚಿದ ಮೇಲೆ ಸಾಕಷ್ಟು ಜಾಗ ಸಿಕ್ಕಿತು. ಲಿನಕ್ಸ್ ಕುಳಿತ ಮೇಲೆ ಎರಡನೆಯ ಕಾಟ: ವಿಂಡೋಸಿನ ಭಾಗದ ಕಡತಗಳು ಕಾಣುತ್ತವೆ, ಆದರೆ ಅಲ್ಲಿ ಬರೆಯಲು ಬರುವದಿಲ್ಲ. ಕಾರಣ ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್'. ಯಂತ್ರ ಬಂದು ಮಾಡಿದೆನೆಂದು ನೀವು ತಿಳಿದಿರುತ್ತೀರಿ, ಅದು ಅರೆನಿದ್ದೆಯಲ್ಲಿ ಡಿಸ್ಕನ್ನು ಹಿಡಿದುಕೊಂಡೇ ಮಲಗಿರುತ್ತದೆ. ಪವರ್ ಆಯ್ಕೆಗಳಲ್ಲಿ ಅದನ್ನು ತೆಗೆದುಹಾಕಿದೆವು.

ಮೂರನೆಯದನ್ನು ಕಂಡುಹಿಡಿದವರು ಕಾಕಾ. ಮರುದಿನ ವಿಂಡೋಸಿನಲ್ಲಿ ಬೆಳಿಗ್ಗೆ 10ಕ್ಕೆ ಮಾಡಿದ ಸಕ್ಕರೆಯ ಚೀಟಿಯ ಮೇಲೆ ನಸುಕಿನ 4-30 ಎಂದು ಬಿದ್ದಿತ್ತು.

"ಆ ಹೊತ್ತಿಗೆ ನಾ ಎದ್ದಿರಂಗನ ಇಲ್ರಿ ಮಾಸ್ತರ! ಇನ್ನ ಸಕ್ಕರಿ ಮಾರೂದೆಲ್ಲಿ ಬಂತು?"

ನಗುವ ಮಾತಲ್ಲ, ಉದ್ರಿ ವ್ಯವಹಾರದಲ್ಲಿ ಚೀಟಿಯ ಮೇಲಿನ ವೇಳೆ ಸಾಕ್ಷಿಯಿದ್ದಂತೆ. ಯಂತ್ರದೊಳಗೆ ಸೆಲ್ಲಿನ ಮೇಲೆ ನಡೆಯುವ ಒಂದು ಗಡಿಯಾರವಿದೆ. ವಿಂಡೋಸ್ ಅದರಲ್ಲಿ ನಮ್ಮ ದೇಶದ ವೇಳೆಯನ್ನು ಇಡುತ್ತದೆ, ಲಿನಕ್ಸ್ ಲೋಕಸಾಮಾನ್ಯ ವೇಳೆಯನ್ನು ಇಟ್ಟು ಅದಕ್ಕೆ ಐದೂವರೆ ತಾಸು ಕೂಡಿಸಿ ತೋರಿಸುತ್ತದೆ. ಒಂದು ಇಟ್ಟದ್ದನ್ನು ಇನ್ನೊಂದು ತಪ್ಪಾಗಿ ಓದುತ್ತದೆ. ದೇಶದ ವೇಳೆಯನ್ನೇ ಇಡು ಎಂದು ಲಿನಕ್ಸಿಗೆ ಒಂದು ಸಾಲಿನ ಹುಕುಮು ಕೊಟ್ಟೆವು, ಸರಿಹೋಯಿತು.

ಹೊಸ ಲ್ಯಾಪ್‌ಟಾಪಿನವರಿಗೆ ಇನ್ನೆರಡು ಮಾತು. ಬಿಟ್‌ಲಾಕರ್ ಬೀಗ ಇದೆಯೋ ನೋಡಿ, ಅದರ 48 ಅಂಕಿಗಳ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಕೈಹಾಕಿರಿ. ಲಿನಕ್ಸಿಗೆ ಡಿಸ್ಕೇ ಕಾಣದಿದ್ದರೆ ಬಯಾಸಿನಲ್ಲಿ ಅದು ರೇಡ್ ಪದ್ಧತಿಯಲ್ಲಿ ಇದ್ದೀತು. ವಿಂಡೋಸನ್ನು ಮೊದಲು ಸಜ್ಜು ಮಾಡದೆ ಆ ಪದ್ಧತಿ ಬದಲಿಸಿದರೆ ವಿಂಡೋಸ್ ಏಳುವದಿಲ್ಲ.

ಲಿನಕ್ಸ್ ಬಂದರೆ ಎಲ್ಲ ಬಗೆಹರಿಯಿತು ಎನ್ನುವವರನ್ನು ನಾನು ನಂಬುವದಿಲ್ಲ. ವಿಂಡೋಸಿಗೆಂದೇ ಬರೆದ ಲೆಕ್ಕದ ಪ್ರೋಗ್ರಾಮುಗಳು ಇಲ್ಲಿ ನೇರವಾಗಿ ನಡೆಯವು. ಹಳೆಯ ನುಡಿ ಲಿಪಿಯಲ್ಲಿ ಟೈಪು ಮಾಡಿದ ಕಾಗದಪತ್ರಗಳನ್ನು ಯುನಿಕೋಡಿಗೆ ಪರಿವರ್ತಿಸಬೇಕು. ಕಗಪ ಕೀಲಿಮಣೆ ಮಾತ್ರ ಲಿನಕ್ಸಿನಲ್ಲಿಯೇ ಇದೆ, ಬೆರಳಿಗೆ ಹೊಸ ಪಾಠ ಬೇಡ. ಕಾಕಾನ ಯಂತ್ರದಲ್ಲಿ ಎರಡನ್ನೂ ಇಟ್ಟಿದ್ದೇವೆ: ಲೆಕ್ಕ ವಿಂಡೋಸಿನಲ್ಲಿ, ಅದೂ ಇಂಟರ್‌ನೆಟ್ಟಿನ ತಂತಿ ಕಿತ್ತು. ಬ್ಯಾಂಕು, ಜಿ.ಎಸ್.ಟಿ. ತಾಣ, ಪತ್ರವ್ಯವಹಾರ ಎಲ್ಲ ಲಿನಕ್ಸಿನಲ್ಲಿ.

ಈಗ ಕಾಕಾ ಕೇಳಿದ ನ್ಯಾಯ. ಈ ಎಲ್ಲ ತೊಡಕುಗಳಲ್ಲಿ ಒಂದಾದರೂ ದೊಡ್ಡ ವಿದ್ಯೆ ಬೇಡುವಂಥದೆ? ಇಲ್ಲ. ಗೊತ್ತಿದ್ದವನಿಗೆ ಗಳಿಗೆಯ ಕೆಲಸ, ಗೊತ್ತಿಲ್ಲದವನಿಗೆ ಹೊಸ ಯಂತ್ರದ ಖರ್ಚು. ಕೇರಳದ ಸರಕಾರಿ ಶಾಲೆಗಳಲ್ಲಿ ಕಂಪ್ಯೂಟರಿನ ಪಾಠ ನಡೆಯುವದು ಲಿನಕ್ಸಿನ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಅದನ್ನು ಕನ್ನಡದ ಪಠ್ಯಪುಸ್ತಕದಿಂದ ಕಲಿಯುತ್ತಾರೆ. ನಮ್ಮಲ್ಲಿಯೂ ವಿಷಯ ಶಿಕ್ಷಕರ ವೇದಿಕೆಯೆಂಬ ಕಾರ್ಯಕ್ರಮದಲ್ಲಿ ಸರಕಾರಿ ಪ್ರೌಢಶಾಲೆಯ ಶಿಕ್ಷಕರಿಗೆ ಉಬುಂಟು ಕಲಿಸಿದ್ದುಂಟು. ಶಿಕ್ಷಕರ ವರೆಗೆ ಬಂದ ವಿದ್ಯೆ ಓಣಿಯ ವರೆಗೆ ಏಕೆ ಬರಬಾರದು? ಸರಕಾರಿ ಕಚೇರಿಗಳೂ ಸಹಕಾರಿ ಸಂಘಗಳೂ ವಿಂಡೋಸ್ 11 ಒಪ್ಪದ ಯಂತ್ರಗಳನ್ನು ಗುಜರಿ ಲಿಲಾವಿಗೆ ಹಚ್ಚುವ ಮೊದಲು ಲಿನಕ್ಸ್ ಹಾಕಿ ನೋಡಬೇಕು. ನಡೆಯುವಂಥವನ್ನು ವಾಚನಾಲಯಗಳಿಗೂ ಶಾಲೆಗಳಿಗೂ ಕೊಡಬೇಕು. ಇದು ದಾನದ ಮಾತಲ್ಲ, ಆ ಯಂತ್ರಗಳಿಗೆ ಬೆಲೆ ತೆತ್ತವರು ನಾವು.

ನಮ್ಮ ಭಾಗಕ್ಕೆ ಬಂದದ್ದನ್ನು ನಾವು ಆರಂಭಿಸಿದ್ದೇವೆ. ಬಂದ ತೊಂದರೆ, ಪರದೆಯ ಮೇಲೆ ಕಂಡ ಸಂಖ್ಯೆ, ಅದಕ್ಕೆ ಮಾಡಿದ ಉಪಾಯ, ಇವನ್ನು ಎರಡುನೂರು ಪುಟದ ನೋಟಬುಕ್ಕಿನಲ್ಲಿ ಕನ್ನಡದಲ್ಲಿ ಬರೆದು ಕಾಕಾನ ಅಂಗಡಿಯ ಗಲ್ಲೆಯ ಪಕ್ಕ ದಾರ ಕಟ್ಟಿ ತೂಗಹಾಕಿದೆ. ಯಾರೂ ಓದಬಹುದು, ಯಾರೂ ಬರೆಯಬಹುದು. ನಾಲ್ಕನೆಯ ಪುಟದಲ್ಲಿ ಚೀಟಿ ಮುದ್ರಿಸುವ ಪ್ರಿಂಟರಿನ ಹೆಸರಿದೆ, ಅದರ ಮುಂದಿನ ಉಪಾಯದ ಜಾಗ ಇನ್ನೂ ಖಾಲಿ. ಬಲ್ಲವರು ಭಾನುವಾರ ಬರಬೇಕು.