ಬೀರುವಿನ ಬೀಗ ತೆಗೆಯಿರಿ, ಬರೆದವರ ಹೆಸರು ಹೇಳಿ

ನಾನು ಓದಿದ ಶಾಲೆಯಲ್ಲಿ ಒಂದು ಹಸಿರು ಕಬ್ಬಿಣದ ಬೀರು ಇತ್ತು. ಏಳು ವರ್ಷದಲ್ಲಿ ಅದು ತೆರೆದದ್ದನ್ನು ನಾನು ನೋಡಿದ್ದು ಎರಡೇ ಸಲ. ಒಮ್ಮೆ ಮೇಲಿನಿಂದ ಸಾಹೇಬರು ತಪಾಸಣೆಗೆ ಬಂದಾಗ. ಇನ್ನೊಮ್ಮೆ ಗೆದ್ದಲು ಹತ್ತಿದೆ ಅಂತ ಗೊತ್ತಾದಾಗ. ಆ ಎರಡನೇ ಸಲ ಮೇಷ್ಟ್ರು ನಮ್ಮ ಕೈಲೇ ಪುಸ್ತಕ ಹೊರಿಸಿ ಅಂಗಳದ ಬಿಸಿಲಿಗೆ ಹರಡಿಸಿದರು. ಅವೆಲ್ಲ ಕಥೆ ಪುಸ್ತಕಗಳು ಅಂತ ನಮಗೆ ಗೊತ್ತಾಗಿದ್ದೇ ಆವತ್ತು. ಆನೆಯ ಚಿತ್ರ ಇದ್ದ ಒಂದು ಪುಸ್ತಕದಲ್ಲಿ ಆನೆಯ ಸೊಂಡಿಲನ್ನು ಗೆದ್ದಲು ತಿಂದಿತ್ತು. ಸಂಜೆ ಉಳಿದದ್ದನ್ನೆಲ್ಲ ಮತ್ತೆ ಒಳಗಿಟ್ಟು ಬೀಗ ಹಾಕಿದರು.

ಮೊನ್ನೆ ಅದೇ ಶಾಲೆಗೆ ಹೋಗಿದ್ದೆ. ಬೀರು ಹೊಸದು ಬಂದಿದೆ. ಬೀಗ ಹಾಗೇ ಇದೆ. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಊರಿನ ಹಿರಿಯರೊಬ್ಬರು ಹೇಳಿದರು: "ಈಗಿನ ಮಕ್ಕಳು ಎಲ್ಲಪ್ಪಾ ಓದ್ತಾವೆ? ಬರೀ ಮೊಬೈಲು. ಓದೋಣ ಅಂದ್ರೂ ಕನ್ನಡದಲ್ಲಿ ಮಕ್ಕಳಿಗೆ ಅಂತ ಈಗ ಯಾರು ಬರೀತಾರೆ?"

ಈ ಎರಡು ಮಾತನ್ನು ನೀವೂ ಕೇಳಿರುತ್ತೀರಿ, ಬಹುಶಃ ಹೇಳಿಯೂ ಇರುತ್ತೀರಿ. ಎರಡೂ ತಪ್ಪು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬರೆಯುವವರು ಇದ್ದಾರೆ, ನಮ್ಮ ಊರುಗಳಲ್ಲೇ ಇದ್ದಾರೆ

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಪ್ರತಿ ವರ್ಷ ಮಕ್ಕಳ ಸಾಹಿತ್ಯಕ್ಕೆ ಅಂತಲೇ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತದೆ. ಮೊತ್ತ 50,000 ರೂಪಾಯಿ. ಕನ್ನಡಕ್ಕೆ ಈಚೆಗೆ ಬಂದ ನಾಲ್ಕು ಹೆಸರು ನೋಡಿ. 2022ರಲ್ಲಿ 'ಬಾವಲಿ ಗುಹೆ' ಬರೆದ ತಮ್ಮಣ್ಣ ಬೀಗಾರ. 2023ರಲ್ಲಿ 'ಸೂರಕ್ಕಿ ಗೇಟ್' ಬರೆದ ವಿಜಯಶ್ರೀ ಹಾಲಾಡಿ. 2024ರಲ್ಲಿ 'ಛೂಮಂತ್ರಯ್ಯನ ಕಥೆಗಳು' ಬರೆದ ಕೃಷ್ಣಮೂರ್ತಿ ಬಿಳಿಗೆರೆ. 2025ರಲ್ಲಿ 'ನೋಟ್‌ಬುಕ್' ಬರೆದ ಕೆ. ಶಿವಲಿಂಗಪ್ಪ ಹಂದಿಹಾಳ.

ಈ ಹೆಸರುಗಳನ್ನು ಇನ್ನೊಮ್ಮೆ ಓದಿ. ಹಾಲಾಡಿ ಕುಂದಾಪುರ ಸೀಮೆಯ ಊರು. ಬಿಳಿಗೆರೆ ತಿಪಟೂರು ಕಡೆಯದು. ಹಂದಿಹಾಳ ಬಳ್ಳಾರಿ ಕಡೆಯದು. ನಮ್ಮ ಮಕ್ಕಳಿಗಾಗಿ ಬರೆಯುವವರು ತಮ್ಮ ಹೆಸರಿನ ಜೊತೆ ಹಳ್ಳಿಯ ಹೆಸರನ್ನು ಹೊತ್ತುಕೊಂಡು ದೆಹಲಿಯ ಪ್ರಶಸ್ತಿ ಪಟ್ಟಿಯವರೆಗೆ ಹೋಗಿದ್ದಾರೆ. ಹಳ್ಳಿಯವರಾದ ನಮಗೆ ಅವರ ಹೆಸರು ಗೊತ್ತಿಲ್ಲ. ತಾಲೂಕು ಪಂಚಾಯಿತಿಗೆ ಸೋತು ನಿಂತವರ ಹೆಸರು ಗೊತ್ತಿದೆ, ಐಪಿಎಲ್‌ನಲ್ಲಿ ಯಾವ ತಂಡ ಯಾರನ್ನು ಎಷ್ಟು ಕೋಟಿಗೆ ಕೊಂಡಿತು ಅನ್ನುವುದು ಗೊತ್ತಿದೆ. 'ಬಾವಲಿ ಗುಹೆ' ಬರೆದವರು ಯಾರು ಅಂದರೆ ತಲೆ ಕೆರೆದುಕೊಳ್ಳುತ್ತೇವೆ.

ಇವರ ಹಾಗೆ ಮಕ್ಕಳಿಗೆ ಬರೆಯುವವರಲ್ಲಿ ಶಾಲಾ ಶಿಕ್ಷಕರೇ ಬಹಳ ಮಂದಿ. ಬೆಳಗ್ಗೆ ಹಾಜರಿ ತೆಗೆದುಕೊಂಡು, ಬಿಸಿಯೂಟದ ಲೆಕ್ಕ ಬರೆದು, ಸಂಜೆ ಮನೆಗೆ ಹೋಗಿ ಕಥೆ ಬರೆಯುವವರು. ಮಕ್ಕಳು ಏನಕ್ಕೆ ನಗುತ್ತಾರೆ, ಯಾವುದಕ್ಕೆ ಹೆದರುತ್ತಾರೆ, ಯಾವ ಸಾಲು ಬಂದರೆ ಕಿಟಕಿಯ ಹೊರಗೆ ನೋಡುತ್ತಾರೆ ಅನ್ನುವುದು ಇವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರಲು ಸಾಧ್ಯ?

'ಹಳೆಯದೇ ಸಾಕು' ಅನ್ನುವವರಿಗೆ

"ಪಂಜೆಯವರು, ರಾಜರತ್ನಂ, ಕುವೆಂಪು ಇದ್ದಾರಲ್ಲ, ಹೊಸದು ಯಾಕೆ?" ಅಂತ ಕೇಳುವವರಿದ್ದಾರೆ. ಅವರನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಒಂದು ಮಾತು ನೆನಪಿಡಿ. ಅವರ ಕಾಲಕ್ಕೆ ಅವರೆಲ್ಲ ಹೊಸಬರೇ. ಪಂಜೆ ಮಂಗೇಶರಾಯರು ಶಾಲೆಯಲ್ಲಿ ಪಾಠ ಹೇಳಿದವರು, ಶಾಲೆಗಳ ಇನ್‌ಸ್ಪೆಕ್ಟರ್ ಆಗಿ ಊರೂರು ತಿರುಗಿದವರು. ತಮ್ಮ ಸುತ್ತಲಿನ ಮಕ್ಕಳಿಗೆ ಬೇಕಾದ್ದು ಸಿಗದಿದ್ದಾಗ ತಾವೇ ಬರೆದರು. ಕುವೆಂಪು ಇಂಗ್ಲಿಷಿನ ಬ್ರೌನಿಂಗ್ ಹೇಳಿದ್ದ ಜರ್ಮನ್ ಊರಿನ ಕಥೆಯನ್ನು ತಂದು ಬೊಮ್ಮನಹಳ್ಳಿಯಲ್ಲಿ ಇಟ್ಟರು. ಶಿವರಾಮ ಕಾರಂತರು 1936ರಲ್ಲಿ 'ಬಾಲ ಪ್ರಪಂಚ' ಅಂತ ಮೂರು ಸಂಪುಟದ ವಿಶ್ವಕೋಶವನ್ನೇ ಮಕ್ಕಳ ಕೈಗೆ ಕೊಟ್ಟರು. ಆಗಿನವರೂ "ಹಳೆಯದೇ ಸಾಕು" ಅಂದಿದ್ದರೆ ಇವತ್ತು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಒಂದು ಪುಸ್ತಕವೂ ಇರುತ್ತಿರಲಿಲ್ಲ.

ಇನ್ನೊಂದು ಕಾರಣವೂ ಇದೆ. ನಮ್ಮ ಮಕ್ಕಳ ಬದುಕು ಬದಲಾಗಿದೆ. ಅಪ್ಪ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ, ಅಮ್ಮ ಗಾರ್ಮೆಂಟ್ಸ್‌ಗೆ, ಮಗು ಅಜ್ಜಿಯ ಹತ್ತಿರ. ಮೂರನೇ ಬೋರ್‌ವೆಲ್ಲೂ ಕೈಕೊಟ್ಟಿದೆ. ಇಂಥ ಮನೆಯ ಮಗು ಪುಸ್ತಕ ತೆರೆದಾಗ ಪ್ರತಿ ಸಲವೂ ರಾಜ, ರಾಣಿ, ಬುದ್ಧಿವಂತ ನರಿ ಮಾತ್ರ ಸಿಕ್ಕರೆ, ಪುಸ್ತಕ ಅಂದರೆ ಬೇರೆ ಯಾರದೋ ಮನೆಯ ವಿಷಯ ಅಂದುಕೊಳ್ಳುತ್ತದೆ. ಸಾಗರದ ನಾ. ಡಿಸೋಜ ಶರಾವತಿಯ ಮುಳುಗಡೆಯನ್ನು ದೊಡ್ಡವರಿಗೆ ಕಾದಂಬರಿಯಾಗಿ ಹೇಳಿದವರು. ಅಷ್ಟಕ್ಕೇ ನಿಲ್ಲದೆ ಮಕ್ಕಳಿಗೂ 'ಮುಳುಗಡೆಯ ಊರಿಗೆ ಬಂದವರು' ಬರೆದರು. 2011ರಲ್ಲಿ ಅದಕ್ಕೆ ಬಾಲ ಸಾಹಿತ್ಯ ಪುರಸ್ಕಾರ ಬಂತು. ಅಣೆಕಟ್ಟಿನ ನೀರಲ್ಲಿ ಊರು ಕಳೆದುಕೊಂಡ ಮನೆಗಳ ಮೊಮ್ಮಕ್ಕಳು ನಮ್ಮ ರಾಜ್ಯದಲ್ಲಿ ಎಷ್ಟು ಜನ ಇದ್ದಾರೆ? ಅವರಲ್ಲಿ ಎಷ್ಟು ಮಕ್ಕಳ ಕೈಗೆ ಆ ಪುಸ್ತಕ ಹೋಗಿದೆ?

ಹೊಸದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಕೊನೆಯ ಪುಟದಲ್ಲಿ "ಆದ್ದರಿಂದ ಮಕ್ಕಳೇ, ಹಿರಿಯರ ಮಾತು ಕೇಳಬೇಕು" ಅಂತ ಕಿವಿ ಹಿಂಡುವ ಪುಸ್ತಕಗಳು ಈಗಲೂ ಬರುತ್ತಿವೆ. ಅವನ್ನು ಮಕ್ಕಳು ಎರಡನೇ ಸಲ ಮುಟ್ಟುವುದಿಲ್ಲ. ಸರಿಯಾಗಿಯೇ ಮಾಡುತ್ತಾರೆ. ಆದರೆ ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಅಂತ ಮಗು ಹೇಳಬೇಕಾದರೆ ಮೊದಲು ಹತ್ತು ಪುಸ್ತಕ ಅದರ ಮುಂದೆ ಇರಬೇಕಲ್ಲ!

ಚಿತ್ರ ಬರೆದವರು ಯಾರು?

ಬರೆದವರ ಹೆಸರಾದರೂ ಮುಖಪುಟದ ಮೇಲೆ ಇರುತ್ತದೆ. ಚಿತ್ರ ಬರೆದವರ ಗತಿ ಇನ್ನೂ ಕಷ್ಟ. 'ಚಂದಮಾಮ' ಓದಿ ಬೆಳೆದವರು ನಮ್ಮ ಅಪ್ಪ, ಅಮ್ಮಂದಿರಲ್ಲಿ ಬೇಕಾದಷ್ಟು ಜನ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ, ನಡೆದು ಬರುವ ವಿಕ್ರಮ. ಕಣ್ಣು ಮುಚ್ಚಿದರೂ ಆ ಚಿತ್ರ ಕಾಣುತ್ತದೆ. ಅದನ್ನು ಬರೆದವರು ಯಾರು ಅಂತ ನಮ್ಮ ಚಿಕ್ಕಪ್ಪನನ್ನು ಕೇಳಿದೆ. ಗೊತ್ತಿರಲಿಲ್ಲ. ಅವರ ಹೆಸರು ಕೆ.ಸಿ. ಶಿವಶಂಕರನ್. 'ಶಂಕರ್' ಅಂತ ಸಹಿ ಹಾಕುತ್ತಿದ್ದರು. 2020ರಲ್ಲಿ ತೀರಿಕೊಂಡರು. ಒಂದಿಡೀ ತಲೆಮಾರಿನ ಕನಸಿಗೆ ರೂಪ ಕೊಟ್ಟ ಮನುಷ್ಯ ಹೋದಾಗ ನಮ್ಮೂರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಹೆಸರು ಗೊತ್ತಾದರೆ ಏನು ಲಾಭ ಅನ್ನಬಹುದು. ಪುಸ್ತಕ ಅನ್ನುವುದು ಮೇಲಿನಿಂದ ಉದುರುವುದಿಲ್ಲ, ಅದನ್ನು ಯಾರೋ ಒಬ್ಬ ಮನುಷ್ಯ ಕೂತು ಮಾಡುತ್ತಾನೆ ಅಂತ ಮಗುವಿಗೆ ಗೊತ್ತಾಗುತ್ತದೆ. ಗೋಡೆ ಮೇಲೆ ಇದ್ದಿಲಿನಿಂದ ಚಿತ್ರ ಬರೆದು ಬೈಸಿಕೊಳ್ಳುವ ನಮ್ಮೂರ ಹುಡುಗಿಗೆ, ಇದೂ ಒಂದು ಕೆಲಸ, ಇದನ್ನು ಮಾಡಿಯೂ ಬದುಕಬಹುದು ಅಂತ ಯಾರು ಹೇಳಬೇಕು?

ಬೀಗ ಎಲ್ಲಿದೆ?

ಹಾಗಾದರೆ ಪುಸ್ತಕ ಮಕ್ಕಳಿಗೆ ಯಾಕೆ ತಲುಪುತ್ತಿಲ್ಲ? ಮೊದಲ ಬೀಗ ಶಾಲೆಯದು. ಮೇಷ್ಟ್ರನ್ನು ಬೈದರೆ ಸಾಲದು. ಪುಸ್ತಕ ಸ್ಟಾಕ್ ರಿಜಿಸ್ಟರಿನಲ್ಲಿ ಇರುತ್ತದೆ. ಹರಿದರೆ, ಕಳೆದರೆ ಲೆಕ್ಕ ಯಾರು ಕೊಡಬೇಕು ಅನ್ನುವ ಭಯ ಅವರದು. ಹತ್ತು ವರ್ಷ ಕಳೆದರೂ ಹೊಸದಾಗಿಯೇ ಇರುವ ಮಕ್ಕಳ ಪುಸ್ತಕ ನಮಗೆಲ್ಲ ನಾಚಿಕೆಯ ವಿಷಯ. ಮೂಲೆ ಮಡಚಿದ, ಎಣ್ಣೆ ಕೈ ಹತ್ತಿದ, ಹೊಲಿಗೆ ಬಿಟ್ಟ ಪುಸ್ತಕವೇ ಕೆಲಸ ಮಾಡಿದ ಪುಸ್ತಕ. ಈ ಮಾತನ್ನು ಎಸ್‌ಡಿಎಂಸಿ ಸಭೆಯಲ್ಲಿ ಪೋಷಕರು ಹೇಳಿ, ನಡಾವಳಿಯಲ್ಲಿ ಬರೆಸಬೇಕು: ಓದಿ ಹರಿದ ಪುಸ್ತಕಕ್ಕೆ ಮೇಷ್ಟ್ರನ್ನು ಯಾರೂ ಕೇಳುವುದಿಲ್ಲ, ನಾವು ಜೊತೆಗಿದ್ದೇವೆ ಅಂತ.

ಎರಡನೇ ಬೀಗ ಪಂಚಾಯಿತಿಯದು. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಅದರಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 100 ರೂಪಾಯಿ ತೆರಿಗೆಗೆ 6 ರೂಪಾಯಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಇದು. ಅಂದರೆ ಲೈಬ್ರರಿ ನಮಗೆ ಯಾರೂ ಧರ್ಮಕ್ಕೆ ಕೊಟ್ಟದ್ದಲ್ಲ, ನಾವೇ ದುಡ್ಡು ಕೊಟ್ಟಿದ್ದೇವೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಗೆ ವಹಿಸಿದರು. 2020ರಲ್ಲಿ 'ಓದುವ ಬೆಳಕು' ಅಂತ ಕಾರ್ಯಕ್ರಮ ತಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಇದೆ. ಒಳ್ಳೆಯ ಕೆಲಸ, ಮೆಚ್ಚಬೇಕು. ಕೆಲವು ಊರುಗಳಲ್ಲಿ ಮೇಲ್ವಿಚಾರಕರು ಸಿಗುವ ಸಣ್ಣ ಸಂಭಾವನೆಯಲ್ಲೇ ಅದನ್ನು ಮಕ್ಕಳ ಮನೆಯನ್ನಾಗಿ ಮಾಡಿದ್ದಾರೆ.

ಆದರೆ ಕಪಾಟಿನ ಮುಂದೆ ನಿಂತು ನೋಡಿ. ಪಿಡಿಒ, ಪೊಲೀಸ್, ಎಫ್‌ಡಿಎ ಪರೀಕ್ಷೆಯ ಗೈಡುಗಳು ಕಣ್ಣಿನ ಮಟ್ಟದಲ್ಲಿ, ಮಕ್ಕಳ ಪುಸ್ತಕ ಮಕ್ಕಳ ಕೈಗೆಟುಕದ ಮೇಲಿನ ಸಾಲಿನಲ್ಲಿ. ಅದರಲ್ಲೂ ಯಾರೋ ಮನೆ ಖಾಲಿ ಮಾಡುವಾಗ ದಾನ ಕೊಟ್ಟ ಹಳೆಯವೇ ಹೆಚ್ಚು. ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಒಂದು ಶೀರ್ಷಿಕೆಗೆ ಕೊಳ್ಳುತ್ತ ಬಂದಿರುವುದು ಸುಮಾರು 300 ಪ್ರತಿ. ಪಂಚಾಯಿತಿ ಗ್ರಂಥಾಲಯಗಳೇ ಐದೂವರೆ ಸಾವಿರಕ್ಕೂ ಹೆಚ್ಚಿವೆ. ಲೆಕ್ಕ ನೀವೇ ಹಾಕಿ. ಪಂಚಾಯಿತಿ ತಾನೇ ಕೇಳಿ ತರಿಸದಿದ್ದರೆ ಹೊಸ ಪುಸ್ತಕ ನಮ್ಮೂರಿನ ದಾರಿ ಹಿಡಿಯುವುದೇ ಇಲ್ಲ.

ಮೂರನೇ ಬೀಗ ನಮ್ಮದೇ. ಆಗಸ್ಟ್ 15ಕ್ಕೆ ಓಟದಲ್ಲಿ ಗೆದ್ದ ಮಗುವಿಗೆ ಸ್ಟೀಲ್ ತಟ್ಟೆ, ಪ್ಲಾಸ್ಟಿಕ್ ಡಬ್ಬಿ ಕೊಡುತ್ತೇವೆ. ಹುಟ್ಟುಹಬ್ಬಕ್ಕೆ ಪೇಟೆಯಿಂದ ಕೇಕ್ ತರಿಸುತ್ತೇವೆ. ಜಾತ್ರೆಯಲ್ಲಿ ಸಂಜೆಯೊಳಗೆ ಮುರಿಯುವ ಆಟದ ಬಂದೂಕು ಕೊಡಿಸುತ್ತೇವೆ. ಅದೇ ದುಡ್ಡಿಗೆ ಒಂದು ಸಣ್ಣ ಚಿತ್ರ ಪುಸ್ತಕ ಬರುತ್ತದೆ. "ಬಡವರು, ಪುಸ್ತಕಕ್ಕೆ ದುಡ್ಡೆಲ್ಲಿ" ಅನ್ನುವ ಮಾತು ಕೆಲವು ಮನೆಗಳಿಗೆ ನಿಜ. ಪಂಚಾಯಿತಿ ಲೈಬ್ರರಿ ಇರಬೇಕಾದದ್ದು ಆ ಮನೆಗಳಿಗೇ. ಮಿಕ್ಕವರಿಗೆ ಅದು ನೆಪ.

ಮೊಬೈಲಿನ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ

ಇದನ್ನು ನೀವು ಓದುತ್ತಿರುವುದೂ ಮೊಬೈಲಿನಲ್ಲೇ. ಅದೇ ಮೊಬೈಲಿನಲ್ಲಿ 'ಸ್ಟೋರಿವೀವರ್' ಅಂತ ಹುಡುಕಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ತಾಣ. ಕನ್ನಡದಲ್ಲೂ ಚಿತ್ರ ಕಥೆಗಳಿವೆ, ದುಡ್ಡಿಲ್ಲ, ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚಿದರೂ ತಪ್ಪಿಲ್ಲ. ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ಬರೆದವರು, ಚಿತ್ರ ಬರೆದವರು, ಅನುವಾದಿಸಿದವರು ಮೂವರ ಹೆಸರೂ ಪ್ರತಿ ಪುಸ್ತಕದಲ್ಲಿ ಇರುತ್ತದೆ. ಕೆಲವು ಅನುವಾದಗಳ ಕನ್ನಡ ಗಟ್ಟಿ ರೊಟ್ಟಿಯ ಹಾಗೆ ಇರುತ್ತದೆ, ನಿಜ. ಅಂಥದ್ದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ರಾತ್ರಿ ಊಟವಾದ ಮೇಲೆ ರೀಲ್ಸ್ ನೋಡುವ ಹತ್ತು ನಿಮಿಷದಲ್ಲಿ ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದು ಕಥೆ ಜೋರಾಗಿ ಓದಿ.

ಆದರೆ ಇದನ್ನೇ ನೆಪ ಮಾಡಿಕೊಂಡು "ಎಲ್ಲ ಮೊಬೈಲಿನಲ್ಲೇ ಇದೆ, ಪುಸ್ತಕ ಯಾಕೆ" ಅಂತ ಪಂಚಾಯಿತಿ ಹೇಳಿದರೆ ಒಪ್ಪಬೇಡಿ. ಮನೆಯಲ್ಲಿ ಇರುವುದು ಒಂದೇ ಫೋನು. ಅದು ಬೆಳಗ್ಗೆ ಅಪ್ಪನ ಜೇಬಿನಲ್ಲಿ ಹೊರಟುಹೋಗುತ್ತದೆ. ಪುಸ್ತಕ ಮನೆಯಲ್ಲೇ ಉಳಿಯುತ್ತದೆ, ತಂಗಿಗೂ ಸಿಗುತ್ತದೆ.

ಈ ವರ್ಷ ಇಷ್ಟು ಮಾಡೋಣ

ಮಕ್ಕಳ ಗ್ರಾಮಸಭೆ ಅಂತ ವರ್ಷಕ್ಕೊಮ್ಮೆ ಪಂಚಾಯಿತಿ ಮಾಡಬೇಕು. ಸಾಮಾನ್ಯವಾಗಿ ಅಲ್ಲಿ ಬಿಸ್ಕೆಟ್ ಹಂಚಿ ಭಾಷಣ ಮಾಡಿ ಕಳಿಸುತ್ತಾರೆ. ಈ ಸಲ ನಿಮ್ಮ ಮಗುವಿನ ಕೈಗೆ ಒಂದು ಚೀಟಿ ಕೊಡಿ. ಅದರಲ್ಲಿ ಐದು ಹೊಸ ಪುಸ್ತಕಗಳ ಹೆಸರಿರಲಿ. ನಾಲ್ಕು ಮೇಲೆ ಬರೆದಿದ್ದೇನೆ, ಐದನೆಯದನ್ನು ನೀವು ಹುಡುಕಿ. "ನಮ್ಮ ಗ್ರಂಥಾಲಯ ಕರದಲ್ಲಿ ಇವನ್ನು ಯಾವಾಗ ತರಿಸುತ್ತೀರಿ?" ಅಂತ ಮಗುವೇ ಎದ್ದು ನಿಂತು ಕೇಳಲಿ. ಪಿಡಿಒ ಉತ್ತರ ಕೊಡಬೇಕು, ಅದು ನಡಾವಳಿಗೆ ಹೋಗಬೇಕು.

ಶಾಲಾ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಪ್ರತಿ ಸಲ ಅದೇ ಗುತ್ತಿಗೆದಾರರು, ಅದೇ ಮುಖಂಡರು ಬರುತ್ತಾರೆ. ಒಂದೇ ಒಂದು ವರ್ಷ ನಿಮ್ಮ ಜಿಲ್ಲೆಯಲ್ಲಿ ಮಕ್ಕಳಿಗೆ ಬರೆಯುವ ಒಬ್ಬರನ್ನು, ಚಿತ್ರ ಬರೆಯುವ ಒಬ್ಬರನ್ನು ಕರೆಸಿ. ಬಸ್ ಚಾರ್ಜು ಕೊಡಿ, ಊಟ ಹಾಕಿ, ಅವರ ಹತ್ತು ಪುಸ್ತಕ ಕೊಂಡು ಬಹುಮಾನವಾಗಿ ಹಂಚಿ. ಶಾಲು, ಹಾರದ ಖರ್ಚಿನಲ್ಲೇ ಆಗಿಹೋಗುತ್ತದೆ.

ಇನ್ನೊಂದು ಕೆಲಸಕ್ಕೆ ದುಡ್ಡೇ ಬೇಡ. ಮಗುವಿಗೆ ಕಥೆ ಓದುವ ಮೊದಲು, "ಇದನ್ನು ಬರೆದವರು ಇಂಥವರು, ಚಿತ್ರ ಬರೆದವರು ಇಂಥವರು" ಅಂತ ಹೆಸರು ಹೇಳಿ.

ನಮ್ಮೂರ ಶಾಲೆಯ ಬೀರುವಿನ ಕೀಲಿ ಹೆಡ್ ಮಾಸ್ಟರ ಮೇಜಿನ ಎಡಗಡೆ ಡ್ರಾಯರಿನಲ್ಲಿ ಇದೆ. ನಾನು ವಿಚಾರಿಸಿದ್ದೇನೆ. ಬರುವ ಸೋಮವಾರ ಮೂರು ಜನ ಪೋಷಕರ ಜೊತೆ ಹೋಗಿ ಕೇಳುತ್ತೇನೆ. ನಿಮ್ಮೂರ ಬೀರುವಿನ ಕೀಲಿ ಎಲ್ಲಿದೆ, ವಿಚಾರಿಸಿ.